ಆರೂವರೆಯ ಪಿಯಾನೊ, ಅಮ್ಮನ ಮಂಡಿ

ಅಮ್ಮ ತಿಪಟೂರಿನಿಂದ ಟೋಕಿಯೊಗೆ ಬಂದಾಗ ಚಟ್ನಿಪುಡಿ, ಹುಣಸೆಹಣ್ಣಿನ ಜೊತೆಗೆ ಮಂಡಿನೋವಿನ ಸಾಮಾನೂ ಒಂದು ಚೀಲ ತುಂಬ ಬಂದಿತು. ಹರಳೆಣ್ಣೆ, ನೀಲಗಿರಿ ಎಣ್ಣೆ, ಉಪ್ಪಿನ ಶಾಖಕ್ಕೆಂದು ಹಳೆಯ ಪಂಚೆಯ ತುಂಡು, ಊರಿನ ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಗಳು. ನಾವಿರುವುದು ಎದೊಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ. ಭಾರತೀಯರು ಬಹಳ ಮಂದಿ ನೆಲೆಸಿರುವ ಬಡಾವಣೆ ಅದು. ನಮ್ಮ ಮಹಡಿಯಲ್ಲೇ ಇರುವ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಲಿಫ್ಟಿನಲ್ಲಿ ಅಮ್ಮನನ್ನು ಕಂಡು ತಲೆಬಾಗಿ ನಮಸ್ಕರಿಸಿದರು. ನಾಳೆ ಬೆಳಿಗ್ಗೆ ಉದ್ಯಾನಕ್ಕೆ ವ್ಯಾಯಾಮಕ್ಕೆ ಬರುತ್ತೀರಾ ಎಂದು ನನ್ನ ಮೂಲಕ ಕೇಳಿಸಿದರು. ಅಮ್ಮ ಗಾಬರಿಯಾದಳು. "ನನಗೆ ವಯಸ್ಸಾಯಿತು, ಮಂಡಿ ಬೇರೆ ಹೀಗಿದೆ ಎಂದು ಹೇಳಪ್ಪ ಅವರಿಗೆ" ಎಂದಳು. ಅಮ್ಮನಿಗೆ ಆಗ ಅರವತ್ತೆಂಟು. ಎಂಬತ್ತು ದಾಟಿದವರ ಎದುರು ಅರವತ್ತೆಂಟರ ತಾಯಿಯ ವಯಸ್ಸನ್ನು ನೆಪವಾಗಿ ಹೇಳಬೇಕಾದಾಗ ಆದ ಸಂಕಟ ಇನ್ನೂ ನನ್ನೊಳಗೆ ಆರಿಲ್ಲ.

ಇಲ್ಲಿ ಆ ವ್ಯಾಯಾಮವನ್ನು ರೇಡಿಯೊ ತೈಸೊ, ಎಂದರೆ ರೇಡಿಯೊ ವ್ಯಾಯಾಮ, ಎನ್ನುತ್ತಾರೆ. ದಿನವೂ ಬೆಳಿಗ್ಗೆ ಆರೂವರೆಗೆ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ರೇಡಿಯೊದಲ್ಲಿ ಪಿಯಾನೊ ಶುರುವಾಗುತ್ತದೆ, ದನಿಯೊಂದು ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳುತ್ತಾ ಹೋಗುತ್ತದೆ. ಒಟ್ಟು ಹತ್ತು ನಿಮಿಷದ ಪ್ರಸಾರ. ಅದರ ಮೊದಲ ವ್ಯಾಯಾಮಮಾಲೆಯಲ್ಲಿರುವುದು ಹದಿಮೂರು ಚಲನೆಗಳು, ಮೂರು ನಿಮಿಷದ ಮಾತು. ಕೈ ಮೇಲೆತ್ತಿ ಬೆನ್ನು ನೀಳವಾಗಿಸುವುದರಿಂದ ತೊಡಗಿ, ಪಕ್ಕಕ್ಕೆ ಬಾಗಿ, ಮುಂದೆ ಬಗ್ಗಿ, ಸೊಂಟ ತಿರುಗಿಸಿ, ಒಂದಿಷ್ಟು ಜಿಗಿದು, ಕೊನೆಗೆ ನೀಳವಾಗಿ ಉಸಿರೆಳೆದುಕೊಂಡರೆ ಮುಗಿಯಿತು. ನಿಲ್ಲಲಾಗದವರಿಗೆ ಕುಳಿತೇ ಮಾಡುವ ಬಗೆಯನ್ನು ಟಿವಿಯಲ್ಲಿ ತೋರಿಸುತ್ತಾರೆ. ಕಟ್ಟಡ ಕಟ್ಟುವ ಜಾಗಗಳಲ್ಲಿ ಹೆಲ್ಮೆಟ್ ಧರಿಸಿದ ಕೂಲಿಗಳೂ ಮೇಸ್ತ್ರಿಯೂ ಕೆಲಸಕ್ಕೆ ಮುಂಚೆ ಸಾಲಾಗಿ ನಿಂತು ಇದನ್ನೇ ಮಾಡುತ್ತಾರೆ. ಬೇಸಿಗೆ ರಜೆಯಲ್ಲಿ ಮಕ್ಕಳು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ನಿದ್ದೆಗಣ್ಣಿನಲ್ಲಿ ಬರುತ್ತಾರೆ, ಬಂದ ದಿನಕ್ಕೊಂದು ಮುದ್ರೆ ಒತ್ತಿಸಿಕೊಂಡು ಹೋಗುತ್ತಾರೆ.

ಇದು ಶುರುವಾದದ್ದು 1928ರ ನವೆಂಬರಿನಲ್ಲಿ. ಅಮೆರಿಕದ ವಿಮಾ ಕಂಪನಿಯೊಂದು ರೇಡಿಯೊದಲ್ಲಿ ನಡೆಸುತ್ತಿದ್ದ ವ್ಯಾಯಾಮವನ್ನು ನೋಡಿಕೊಂಡು ಬಂದ ಇಲ್ಲಿನ ಅಂಚೆ ವಿಮಾ ಇಲಾಖೆಯವರು ತಮ್ಮಲ್ಲೂ ತಂದರು. ಈಗಿರುವ ಮೊದಲ ವ್ಯಾಯಾಮಮಾಲೆ 1951ರದು. ಅಂದಿನಿಂದ ಇಂದಿನವರೆಗೆ ಅದೇ ರಾಗ, ಅದೇ ಹದಿಮೂರು ಚಲನೆ. ಅಜ್ಜಿಗೂ ಮೊಮ್ಮಗನಿಗೂ ಒಂದೇ ಪಾಠ ಬಾಯಿಪಾಠವಾಗಿರುವುದರಿಂದ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ನಮ್ಮಲ್ಲಿ ನೋವೆಂದರೆ ಮೊದಲು ಬರುವ ಪ್ರಶ್ನೆ "ಏನು ಹಚ್ಚಿದೆ?" ಎಂಬುದು, ಆಮೇಲಿನದು "ಏನು ಕುಡಿದೆ?" ಎಂಬುದು. ಎಕ್ಕದ ಎಲೆ ಕಾಯಿಸಿ ಕಟ್ಟು, ಲಕ್ಕಿ ಸೊಪ್ಪು ಹಾಕಿ ನೀರು ಕಾಯಿಸಿ ಸ್ನಾನ ಮಾಡು, ಮೆಂತ್ಯ ನೆನೆಸಿ ತಿನ್ನು, ಬದನೆಕಾಯಿ ವಾಯು, ಅದನ್ನು ಬಿಡು. ಇದಾವುದಕ್ಕೂ ಬಗ್ಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಬರುವುದು. ಸೂಜಿ ಹಾಕದೆ ಕಳಿಸಿದ ಡಾಕ್ಟರ ಬಳಿ ನಮ್ಮ ಬೀದಿಯವರು ಎರಡನೆಯ ಸಲ ಹೋಗುವುದಿಲ್ಲ. ಎಲ್ಲವೂ ಹೊರಗಿನಿಂದ ಬಂದು ಮೈಗೆ ಸೇರಬೇಕು. ಆ ಮೈಯನ್ನು ನಾವೇ ಅಲುಗಾಡಿಸಬೇಕೆಂದು ಹೇಳುವವರು ಯಾರೂ ಇಲ್ಲ. ಹೇಳಿದರೆ "ನಾನೇನು ಸುಮ್ಮನೆ ಕುಳಿತಿದ್ದೇನೆಯೇ, ಮನೆಗೆಲಸ ಯಾರು ಮಾಡುತ್ತಾರೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ನನಗೆ ಸಿಟ್ಟು ಬರುವುದು ಇನ್ನೂ ಹಿಂದಿನ ಒಂದು ಸಂಗತಿಗೆ. ತೊಡೆಗೂ ಮಂಡಿಗೂ ಬಸ್ಕಿಗಿಂತ ಸುಲಭವಾದ, ಖರ್ಚಿಲ್ಲದ ವ್ಯಾಯಾಮ ಇನ್ನೊಂದಿಲ್ಲ. ಅದನ್ನು ನಾವು ಶಾಲೆಯಲ್ಲಿ ಕಲಿತದ್ದು ಶಿಕ್ಷೆಯಾಗಿ. ಮಗ್ಗಿ ತಪ್ಪಿದರೆ ಬಸ್ಕಿ, ತಡವಾಗಿ ಬಂದರೆ ಬಸ್ಕಿ. ಇಡೀ ತರಗತಿಯ ಎದುರು ಕಿವಿ ಹಿಡಿದು ಕೂತು ಎದ್ದ ಹುಡುಗಿಗೆ ಅರವತ್ತರಲ್ಲಿ ಅದನ್ನೇ ಆರೋಗ್ಯಕ್ಕೆಂದು ಮಾಡು ಎಂದರೆ ಹೇಗೆ ಮನಸ್ಸು ಬಂದೀತು? ಆ ಹುಡುಗಿ ದೊಡ್ಡವಳಾದ ಮೇಲೆ ಓಡುವಂತಿರಲಿಲ್ಲ, ಜಿಗಿಯುವಂತಿರಲಿಲ್ಲ, ಕುಂಟೆಬಿಲ್ಲೆಯೂ ನಿಂತುಹೋಯಿತು. ಗರಡಿಮನೆ ಗಂಡಸರದು. ಈಗಿನ ಬಡಾವಣೆಗಳ ಉದ್ಯಾನಗಳಲ್ಲಿ ಸರ್ಕಾರ ನಿಲ್ಲಿಸಿರುವ ಕಬ್ಬಿಣದ ಯಂತ್ರಗಳ ಮೇಲೂ ಮಕ್ಕಳು ಜೀಕುತ್ತಾರೆ, ಅಮ್ಮಂದಿರು ಬೆಂಚಿನ ಮೇಲೆ ಕುಳಿತು ನೋಡುತ್ತಾರೆ.

ಇದೇ ನಾಡಿನಲ್ಲಿ, 1930ರ ದಶಕದ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಹಾಸನದ ಕಡೆಯ ಪಟ್ಟಾಭಿ ಜೋಯಿಸರೂ ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರು. ಇವತ್ತು ಟೋಕಿಯೊದ ಯೋಗಶಾಲೆಗಳ ಬಾಗಿಲಲ್ಲಿ ಮೈಸೂರಿನ ಹೆಸರು ಕಾಣುತ್ತದೆ, ಜಪಾನೀಯರು ಹಣ ಕೂಡಿಸಿಟ್ಟು ಯೋಗ ಕಲಿಯಲು ಮೈಸೂರಿನ ಗೋಕುಲಂ ಬಡಾವಣೆಗೆ ಹೋಗಿ ಬರುತ್ತಾರೆ. ನನ್ನ ಕಚೇರಿಯ ಸಹೋದ್ಯೋಗಿಯೊಬ್ಬರು ನಾನು ಮೈಸೂರು ಸೀಮೆಯವನೆಂದು ತಿಳಿದು, "ನಿಮ್ಮ ತಾಯಿಯವರೂ ಮಾಡುತ್ತಾರಲ್ಲವೇ?" ಎಂದು ಗೌರವದಿಂದ ಕೇಳಿದರು. ಮಾಡುವುದಿಲ್ಲ ಎಂದೆ. ನಮ್ಮೂರಿನಲ್ಲಿ ಯೋಗವೆಂದರೆ ಜೂನ್ 21ರಂದು ಮೈದಾನದಲ್ಲಿ ಚಾಪೆ ಹಾಸಿ ಫೋಟೊ ತೆಗೆಸಿಕೊಳ್ಳುವುದು ಎಂಬುದನ್ನು ಹೇಳಲು ಬಾಯಿ ಬರಲಿಲ್ಲ.

ಅಮ್ಮನನ್ನು ಇಲ್ಲಿನ ಮೂಳೆವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ತೆಗೆಸಿ ನೋಡಿ, ಕುರ್ಚಿಯ ಮೇಲೆ ಕೂರಿಸಿ, ಒಂದು ಕಾಲನ್ನು ನೇರವಾಗಿ ಮುಂದೆ ಚಾಚಿ ತೊಡೆ ಬಿಗಿಯಾಗುವಂತೆ ಹತ್ತು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸಲು ಹೇಳಿದರು. ಆಮೇಲೆ ಇನ್ನೊಂದು ಕಾಲು. ಮಂಡಿಯ ಭಾರದಲ್ಲಿ ಪಾಲು ಹೊರುವುದು ತೊಡೆಯ ಮುಂಭಾಗದ ಸ್ನಾಯು. ನೋಯುತ್ತದೆಂದು ಕೂತಷ್ಟೂ ಅದು ಸೊರಗುತ್ತದೆ, ಅದು ಸೊರಗಿದಷ್ಟೂ ಮಂಡಿ ಇನ್ನಷ್ಟು ನೋಯುತ್ತದೆ. ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಒತ್ತಿ ಬಿಟ್ಟಾಗ ಸ್ಪಂಜು ನೀರು ಹೀರುವಂತೆ ಅದು ಕೀಲಿನ ರಸದಿಂದ ಪೋಷಣೆ ಪಡೆಯುತ್ತದೆ, ಅದಕ್ಕೆ ಕಾಲು ಆಡುತ್ತಿರಬೇಕು. ಮಂಡಿ ಊದಿಕೊಂಡು ಕೆಂಪಾಗಿ ಬಿಸಿಯಾಗಿದ್ದರೆ ಮಾತ್ರ ಮೊದಲು ಬಂದು ತೋರಿಸಿ ಎಂದರು.

ಜಪಾನಿನ ಮೂಳೆವೈದ್ಯರ ಸಂಘ 2007ರಿಂದ ಇದನ್ನೇ ದೇಶಕ್ಕೆಲ್ಲ ಸಾರುತ್ತಿದೆ. ನಡೆಯುವ, ಏಳುವ ಶಕ್ತಿ ಕುಂದುವುದಕ್ಕೆ ಲೊಕೊಮೊ ಎಂದು ಹೆಸರಿಟ್ಟು, ನಲವತ್ತು ಸೆಂಟಿಮೀಟರ್ ಎತ್ತರದ ಪೀಠದಿಂದ ಒಂದೇ ಕಾಲಿನ ಬಲದಲ್ಲಿ ಎದ್ದು ನಿಲ್ಲಲಾಗದಿದ್ದರೆ ಕುಗ್ಗುವಿಕೆ ಶುರುವಾಗಿದೆ ಎಂದು ತಿಳಿಸುತ್ತಾರೆ. ಅದಕ್ಕೆ ಅವರು ಹೇಳುವ ಮದ್ದು ಎರಡೇ. ಮೇಜನ್ನೋ ಗೋಡೆಯನ್ನೋ ಕೈಗೆಟಕುವಂತೆ ಇಟ್ಟುಕೊಂಡು ಒಂದೊಂದು ಕಾಲಿನ ಮೇಲೆ ಒಂದೊಂದು ನಿಮಿಷ ನಿಲ್ಲುವುದು, ಮತ್ತು ಐದಾರು ಬಸ್ಕಿ. ಇವನ್ನು ದಿನಕ್ಕೆ ಮೂರು ಸಲ. ಹೌದು, ಅದೇ ಬಸ್ಕಿ.

ಅಮ್ಮ ಮನೆಯೊಳಗೆ, ಪರದೆ ಎಳೆದುಕೊಂಡು ಕಾಲು ಚಾಚತೊಡಗಿದಳು. ಕೆಲವು ವಾರಗಳ ನಂತರ ಅಜ್ಜಿಯ ಜೊತೆ ಉದ್ಯಾನಕ್ಕೂ ಹೋದಳು. ಸೀರೆ, ಸ್ವೆಟರ್, ಬೂಟು ತೊಟ್ಟು ಬೆಂಚಿನ ಮೇಲೆ ಕುಳಿತೇ ಕೈ ಎತ್ತಿದಳು. ಯಾರೂ ತಿರುಗಿ ನೋಡಲಿಲ್ಲ, ಅದು ಅವಳಿಗೆ ಬಹಳ ಹಿಡಿಸಿತು. ಊರಿಗೆ ಹೋಗುವ ಹೊತ್ತಿಗೆ ಕೈಯೂರದೆ ಕುರ್ಚಿಯಿಂದ ಏಳುತ್ತಿದ್ದಳು. ತಿಪಟೂರಿನಲ್ಲಿ ಅದೆಲ್ಲ ನಿಂತುಹೋಗಿದೆ. ಅಂಗಳದಲ್ಲಿ ಕೈ ಎತ್ತಿ ನಿಂತರೆ ಪಕ್ಕದ ಮನೆಯವರು ನಗುತ್ತಾರಂತೆ, ಒಬ್ಬಳೇ ಮಾಡಲು ಬೇಸರವಂತೆ. ಮತ್ತೆ ಸೂಜಿ, ಮತ್ತೆ ಶಾಖ. ಅವಳನ್ನು ನಾನು ಬೈಯಲಾರೆ. ಇಲ್ಲಿನ ಅಜ್ಜಿಗೂ ಒಬ್ಬರೇ ಮಾಡಲು ಬೇಸರವಾಗುತ್ತಿತ್ತು, ಆದರೆ ಆರೂವರೆಗೆ ಅವರಿಗಾಗಿ ಕಾಯುವವರಿದ್ದಾರೆ.

ಇಲ್ಲಿಯದೆಲ್ಲ ಒಳ್ಳೆಯದೆಂದಲ್ಲ, ಒಪ್ಪುತ್ತೇನೆ. ಒಂದೇ ದನಿಗೆ ಎಲ್ಲರೂ ಕೈಯೆತ್ತುವ ಈ ಅಭ್ಯಾಸವನ್ನು ಯುದ್ಧಕಾಲದ ಸರ್ಕಾರ ತನ್ನ ಕೆಲಸಕ್ಕೆ ಬಳಸಿಕೊಂಡಿತ್ತು, ಸೋತ ಮೇಲೆ ಕೆಲಕಾಲ ಪ್ರಸಾರವೇ ನಿಂತಿತ್ತು. ಭುಜ ಕಲ್ಲಾಗುವವರೆಗೆ ಕಚೇರಿಯಲ್ಲಿ ಕೂರುವ ಜನವೂ ಇವರೇ. ನೋವಿನ ಪಟ್ಟಿ ಅಂಟಿಸಿಕೊಳ್ಳುವುದರಲ್ಲಿ ನಮ್ಮವರನ್ನು ಮೀರಿಸುತ್ತಾರೆ, ಡಾಕ್ಟರ ಒಂದು ಚೀಟಿಗೆ ಅರವತ್ತಮೂರಕ್ಕಿಂತ ಹೆಚ್ಚು ಪಟ್ಟಿ ಕೊಡಬಾರದೆಂದು 2022ರಲ್ಲಿ ಸರ್ಕಾರವೇ ಮಿತಿ ಹಾಕಬೇಕಾಯಿತು. ಜ್ವರ ಬಂದು ನಾನು ಮಲಗಿದ್ದಾಗ ಬಾಗಿಲ ಹಿಡಿಗೆ ಹಣ್ಣಿನ ಚೀಲ ನೇತುಹಾಕಿ, ಗಂಟೆ ಒತ್ತದೆ ಹೋದವರು ಅದೇ ಅಜ್ಜಿ. ತೊಂದರೆ ಕೊಡಬಾರದೆಂಬ ಅವರ ಸೂಕ್ಷ್ಮ ನನಗೆ ಅರ್ಥವಾಯಿತು. ಆದರೂ ಆ ರಾತ್ರಿ ನನಗೆ ಬೇಕಾಗಿದ್ದದ್ದು ಹೇಳದೆ ಕೇಳದೆ ಒಳಗೆ ಬಂದು ಹಣೆ ಮುಟ್ಟಿ ನೋಡುವ ನಮ್ಮ ದೊಡ್ಡಮ್ಮನಂಥವರು, ಮೆಣಸಿನ ಸಾರು, ಬೆನ್ನಿಗೆ ಎಣ್ಣೆ ತಿಕ್ಕುವ ಒರಟು ಕೈ. ಅಮ್ಮನ ಮಂಡಿಗೆ ಹರಳೆಣ್ಣೆ ಏನು ಮಾಡುತ್ತದೋ, ಎಣ್ಣೆ ಹಚ್ಚುತ್ತಾ ಪಕ್ಕದಲ್ಲಿ ಕುಳಿತ ನಾದಿನಿಯ ಮಾತು ಅವಳಿಗೆ ನಿಜವಾದ ಹಿತ ಕೊಡುತ್ತದೆ. ಅದನ್ನು ಬಿಡಿಸಬೇಕೆಂದು ನಾನು ಹೇಳಲಾರೆ.

ಆ ನಾದಿನಿಯೂ ಅಮ್ಮನೂ ಒಟ್ಟಿಗೆ ಎದ್ದು ನಿಲ್ಲಲಿ ಎಂಬುದಷ್ಟೇ ನನ್ನ ಆಸೆ. 1935ರಲ್ಲಿ ಪ್ರೊಫೆಸರೊಬ್ಬರು ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರು ನಮ್ಮ ಮೈಸೂರು. ಆಕಾಶವಾಣಿ ಈಗಲೂ ಬೆಳಗಿನ ಜಾವಕ್ಕೇ ನಮ್ಮ ಅಡುಗೆಮನೆಗಳಲ್ಲಿ ಮಾತಾಡುತ್ತದೆ. ಚಿಂತನಕ್ಕೂ ವಾರ್ತೆಗೂ ನಡುವೆ ಹತ್ತು ನಿಮಿಷ ಬಿಡಿಸಿ, ಒಳ್ಳೆಯ ದನಿಯವರೊಬ್ಬರಿಂದ "ಕೈ ಮೇಲೆ, ಉಸಿರು ಒಳಗೆ" ಎಂದು ದಿನವೂ ತಪ್ಪದೆ ಹೇಳಿಸಬಹುದು. ಪಿಯಾನೊ ಬೇಡ, ನಾದಸ್ವರವೋ ಡೊಳ್ಳೋ ಆಗಲಿ. ಶಾಲೆಯ ಮೈದಾನ ಆ ಹೊತ್ತಿಗೆ ಖಾಲಿಯೇ ಇರುತ್ತದೆ. ಸ್ತ್ರೀಶಕ್ತಿ ಸಂಘದವರು ವಾರಕ್ಕೊಮ್ಮೆ ಹೇಗೂ ಸೇರುತ್ತಾರೆ, ಮೊದಲು ಅಲ್ಲಿಂದಲೇ ಶುರು ಮಾಡಿ, ನಡೆಯಲಾಗದವರಿಗೆ ನಾಲ್ಕು ಕುರ್ಚಿ ಹಾಕಿದರೆ ಸಾಕು. ಶಾಲೆಗಳಲ್ಲಿ ಬಸ್ಕಿಯನ್ನು ಶಿಕ್ಷೆಯಾಗಿ ಕೊಡುವುದನ್ನು ನಾಳೆಯಿಂದಲೇ ನಿಲ್ಲಿಸಬೇಕು, ಅದಕ್ಕೆ ಯಾವ ಇಲಾಖೆಯ ಹಣವೂ ಬೇಕಾಗಿಲ್ಲ.