ಮಾಲ್ಟಾದವರು ಮೇಲೆ, ಚಿಪ್ಪೆವಾಗಳು ಕೆಳಗೆ: ಆದಾಯದ ಪಟ್ಟಿ ಹೇಳದ ಲೆಕ್ಕ

ಅಮೆರಿಕದಲ್ಲಿ ಯಾವ ಮೂಲದವರು ಎಷ್ಟು ದುಡಿಯುತ್ತಾರೆ ಅಂತ ತೋರಿಸುವ ಪಟ್ಟಿಗಳಿಗೆ ಈಗ ಬರವೇ ಇಲ್ಲ. ಜನಗಣತಿ ಇಲಾಖೆಯ ಅಂಕಿ ಎತ್ತಿಕೊಂಡು, ಮೇಲಿದ್ದವರಿಗೆ ಹಸಿರು, ಕೆಳಗಿದ್ದವರಿಗೆ ಕೆಂಪು ಬಳಿದು ಬಿಟ್ಟುಬಿಡುತ್ತಾರೆ. ಇತ್ತೀಚೆಗೆ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಒಂದರಲ್ಲಿ ಮಾಲ್ಟಾ ಮೂಲದವರನ್ನೂ ಅಮೆರಿಕದ ಮೂಲನಿವಾಸಿಗಳಾದ ಚಿಪ್ಪೆವಾ ಬುಡಕಟ್ಟಿನವರನ್ನೂ ಅಕ್ಕಪಕ್ಕ ನಿಲ್ಲಿಸಿದ್ದರು. ಮಾಲ್ಟಾದವರು ದೇಶದ ಸರಾಸರಿಗಿಂತ ಮೇಲೆ. ಚಿಪ್ಪೆವಾಗಳು ಬಹಳ ಕೆಳಗೆ. ಅದರ ಅಡಿಯಲ್ಲಿ ಒಬ್ಬರು ಬರೆದಿದ್ದರು: "ಬರಿಗೈಲಿ ಬಂದವರು ಮೇಲೆದ್ದರು. ಇವರಿಗೆ ಜಮೀನಿತ್ತು, ಸರ್ಕಾರದ ದುಡ್ಡು ಬರುತ್ತೆ, ಕ್ಯಾಸಿನೊ ಬೇರೆ ಇದೆ. ಆದರೂ ಹೀಗೆ. ದುಡಿಯುವ ಮನಸ್ಸು ಬೇಕು ಸ್ವಾಮಿ."

ಅದಕ್ಕೆ ಅಲ್ಲೇ ಎರಡು ಸಾಲು ಉತ್ತರ ಹಾಕಬಹುದಿತ್ತು. ಆದರೆ ಮಿಶಿಗನ್‌ನಲ್ಲಿದ್ದುಕೊಂಡು, ಕಾರು ಉದ್ಯಮದ ಸಂಬಳದಲ್ಲೇ ಮನೆ ನಡೆಸುವ ನನಗೆ ಈ ಇಬ್ಬರ ಕಥೆ ಬೇರೆ ಬೇರೆ ಅಲ್ಲ. ಒಂದೇ ಲೆಕ್ಕದ ಪುಸ್ತಕದ ಎರಡು ಪುಟ. ಒಬ್ಬರ ಪುಟದಲ್ಲಿ ಜಮೆ ಆಗಿರುವುದು ಇನ್ನೊಬ್ಬರ ಪುಟದಲ್ಲಿ ಖರ್ಚಾಗಿದೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಅಂಕಿಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಮಾಲ್ಟಾ ಮೂಲ ಅಂತ ಹೇಳಿಕೊಳ್ಳುವವರು ಸುಮಾರು 40 ಸಾವಿರ ಜನ ಮಾತ್ರ. ಅವರಲ್ಲಿ ಎಷ್ಟೋ ಜನರಿಗೆ ಅಜ್ಜನೋ ಅಜ್ಜಿಯೋ ಒಬ್ಬರು ಮಾಲ್ಟಾದವರು, ಉಳಿದವರು ಐರಿಶ್, ಇಟಾಲಿಯನ್, ಪೋಲಿಶ್. ಚಿಪ್ಪೆವಾಗಳು 2010ರ ಜನಗಣತಿಯಲ್ಲೇ ಒಂದೂವರೆ ಲಕ್ಷಕ್ಕೂ ಜಾಸ್ತಿ. ಮಿಶಿಗನ್, ವಿಸ್ಕಾನ್ಸಿನ್, ಮಿನ್ನೆಸೋಟ, ನಾರ್ತ್ ಡಕೋಟಗಳಲ್ಲಿ ಹರಡಿರುವ ಹತ್ತಾರು ಬುಡಕಟ್ಟು ಸರ್ಕಾರಗಳು ಅವರವು. ಒಜಿಬ್ವೆ ಅಂತಲೂ ಕರೆಯುತ್ತಾರೆ, ತಮ್ಮನ್ನು ತಾವು ಅನಿಶಿನಾಬೆ ಅನ್ನುತ್ತಾರೆ. ನಗರದಲ್ಲಿ ಚದುರಿಹೋದ ಮೊಮ್ಮಕ್ಕಳನ್ನೂ, ಕಾಡಿನ ನಡುವಿನ ಮೀಸಲು ಪ್ರದೇಶದಲ್ಲಿರುವ ಊರುಗಳನ್ನೂ ಒಂದೇ ಸಾಲಿನಲ್ಲಿ ತೂಗಿದ್ದಾರೆ. ಅದು ಹೋಗಲಿ, ದೊಡ್ಡ ತಕರಾರು ಅದಲ್ಲ.

ಮಾಲ್ಟಾದವರು ಹೇಗೆ ಬಂದರು ನೋಡಿ. ಮೆಡಿಟರೇನಿಯನ್ ಸಮುದ್ರದ ನಡುವಿನ ಪುಟ್ಟ ದ್ವೀಪದೇಶ ಅದು, ವಿಸ್ತಾರದಲ್ಲಿ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ನಮ್ಮ ಹಾಗೆ ಬ್ರಿಟಿಷರ ಕೈಯಲ್ಲಿತ್ತು. ನೌಕಾಪಡೆಯ ಹಡಗುಕಟ್ಟೆಯೇ ಅಲ್ಲಿನ ಅನ್ನದ ದಾರಿ. ಮೊದಲ ಮಹಾಯುದ್ಧದಲ್ಲಿ ಕೈತುಂಬ ಕೆಲಸ, ಯುದ್ಧ ಮುಗಿದದ್ದೇ ಸಾವಿರಾರು ಜನರಿಗೆ ಕೆಲಸ ಹೋಯಿತು. ಬ್ರೆಡ್ಡಿನ ಬೆಲೆ ಏರಿತು. 1919ರ ಜೂನ್ 7ರಂದು ರಾಜಧಾನಿ ವ್ಯಾಲೆಟ್ಟಾದಲ್ಲಿ ಜನ ಬೀದಿಗಿಳಿದರು. ಬ್ರಿಟಿಷ್ ಸೈನಿಕರ ಕೈಯಲ್ಲಿ ನಾಲ್ವರು ಸತ್ತರು. ಮರುವರ್ಷ ಅಮೆರಿಕಕ್ಕೆ ಸಾವಿರಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹೆಚ್ಚಿನವರು ಬಂದಿಳಿದದ್ದು ಮಿಶಿಗನ್‌ನ ಕಾರು ನಗರ ಡೆಟ್ರಾಯಿಟ್‌ಗೆ. ಫೋರ್ಡ್ 1914ರಲ್ಲೇ ದಿನಕ್ಕೆ ಐದು ಡಾಲರ್ ಕೂಲಿ ಕೊಡುತ್ತೇನೆ ಅಂತ ಸಾರಿದ್ದ. ಹಡಗುಕಟ್ಟೆಯಲ್ಲಿ ಕಬ್ಬಿಣದ ಕೆಲಸ ಕಲಿತ ಕೈಗಳಿಗೆ ಕಾರು ಕಾರ್ಖಾನೆ ಹೊಸತೇನೂ ಅಲ್ಲ.

ಕಾರ್ಕ್‌ಟೌನ್ ಅನ್ನುವ ಹಳೇ ಐರಿಶ್ ಬಡಾವಣೆಯಲ್ಲಿ ನೆಲೆಸಿದರು. ತಮ್ಮದೇ ಚರ್ಚು, ತಮ್ಮದೇ ಭಾಷೆಯ ಪಾದ್ರಿ, ಸಂಘ, ಕ್ಲಬ್ಬು. ಒಂದು ರೂಮಿನಲ್ಲಿ ನಾಲ್ಕೈದು ಜನ ಇದ್ದುಕೊಂಡು ಊರಿಗೆ ದುಡ್ಡು ಕಳಿಸಿದರು. ಕಷ್ಟಪಟ್ಟಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಅವರಿಗೂ ಪೆಟ್ಟು ಬಿದ್ದಿದೆ. 1950ರ ದಶಕದ ಕೊನೆಯಲ್ಲಿ ನಗರಾಭಿವೃದ್ಧಿ ಹೆಸರಲ್ಲಿ ಕಾರ್ಕ್‌ಟೌನಿನ ದೊಡ್ಡ ಭಾಗವನ್ನು ಕೆಡವಿದಾಗ ಮಾಲ್ಟಾದ ಎಷ್ಟೋ ಸಂಸಾರಗಳು ಮನೆ ಬಿಡಬೇಕಾಯಿತು.

ಆದರೆ ಬಿಟ್ಟು ಎಲ್ಲಿಗೆ ಹೋದರು ಅನ್ನುವುದು ಮುಖ್ಯ. ಪಕ್ಕದ ಡಿಯರ್‌ಬಾರ್ನ್‌ಗೆ ಹೋದವರು ಬಹಳ. ಇವತ್ತಿಗೂ ಅವರ ದೊಡ್ಡ ಕ್ಲಬ್ ಇರುವುದು ಅಲ್ಲಿ. ಆ ಕಾಲದ ಡಿಯರ್‌ಬಾರ್ನಿನ ಮೇಯರ್ ಆರ್ವಿಲ್ ಹಬರ್ಡ್. ಕರಿಯರನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ ಅಂತ ಬಹಿರಂಗವಾಗಿ ಹೇಳಿಕೊಂಡು 1942ರಿಂದ 1978ರವರೆಗೆ ಗೆದ್ದವನು. ಮಾಲ್ಟಾದವರಿಗೆ ಆ ಊರಿನ ಬಾಗಿಲು ತೆರೆದಿತ್ತು. ಕಾನೂನಿನ ಕಣ್ಣಿಗೆ ಅವರು ಬಿಳಿಯರು. ಹಾಗಾಗಿ ಪೌರತ್ವ ಸಿಕ್ಕಿತು, ಯೂನಿಯನ್ ಕೆಲಸ ಸಿಕ್ಕಿತು, ಬ್ಯಾಂಕಿನ ಸಾಲ ಸಿಕ್ಕಿತು, ಸಾಲದಿಂದ ಮನೆ. ಮನೆಯ ಬೆಲೆ ಏರಿತು, ಮಕ್ಕಳು ಕಾಲೇಜಿಗೆ ಹೋದರು. ಮಧ್ಯಮ ವರ್ಗ ಹುಟ್ಟಿದ್ದು ಹೀಗೆ.

ಈಗ ಆ ಕಾರ್ಖಾನೆಗಳ ಬಂಡವಾಳ ಎಲ್ಲಿಂದ ಬಂತು ಅಂತ ಕೇಳೋಣ. ನನಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ ಭಾಗ ಇದು.

ಡೆಟ್ರಾಯಿಟ್ ಸುತ್ತಲಿನ ನೆಲ ಸರ್ಕಾರದ ಕೈಗೆ ಬಂದದ್ದು 1807ರ ಒಪ್ಪಂದದಲ್ಲಿ. ಬಿಟ್ಟುಕೊಟ್ಟವರಲ್ಲಿ ಚಿಪ್ಪೆವಾಗಳೂ ಇದ್ದರು. 1819ರಲ್ಲಿ ಸ್ಯಾಗಿನಾ ಒಪ್ಪಂದ, ಅದರಲ್ಲಿ ಮಿಶಿಗನ್‌ನ ನಡುಭಾಗ ಹೋಯಿತು. 1836ರಲ್ಲಿ ಒಡಾವಾ (ಇನ್ನೊಂದು ಮೂಲನಿವಾಸಿ ಬುಡಕಟ್ಟು) ಮತ್ತು ಚಿಪ್ಪೆವಾ ಮುಖಂಡರನ್ನು ವಾಷಿಂಗ್ಟನ್‌ಗೆ ಕರೆಸಿ ಸುಮಾರು 1 ಕೋಟಿ 38 ಲಕ್ಷ ಎಕರೆ ಬರೆಸಿಕೊಂಡರು. ಇವತ್ತಿನ ಮಿಶಿಗನ್ ರಾಜ್ಯದ ಮೂರನೇ ಒಂದು ಪಾಲಿಗಿಂತ ಹೆಚ್ಚು. ತಮಗಾಗಿ ಉಳಿಸಿಕೊಂಡ ಜಾಗಗಳು ಶಾಶ್ವತ ಅಂದುಕೊಂಡು ಅವರು ಸಹಿ ಹಾಕಿದರು. ಆಮೇಲೆ ಸೆನೆಟ್ ಕೂತು ಅದಕ್ಕೆ ಐದು ವರ್ಷದ ಗಡುವು ಸೇರಿಸಿತು. ಸಹಿ ಆದ ಮೇಲೆ ಕರಾರು ಬದಲಾಯಿಸುವುದಕ್ಕೆ ನಮ್ಮೂರಲ್ಲಿ ಏನಂತಾರೆ ಅಂತ ನಿಮಗೇ ಗೊತ್ತು. 1842ರಲ್ಲಿ ಲಾ ಪಾಯಿಂಟ್ ಒಪ್ಪಂದ, ಸುಪೀರಿಯರ್ ಸರೋವರದ ದಂಡೆಯ ತಾಮ್ರದ ನೆಲ ಹೋಯಿತು.

ಆ ಕಾಡಿನಿಂದ ಪೈನ್ ಮರ ಬಂತು, ಆ ನೆಲದಿಂದ ತಾಮ್ರ ಬಂತು. ಮಿಶಿಗನ್‌ನ ಮೊದಲ ತಲೆಮಾರಿನ ಕೋಟ್ಯಧಿಪತಿಗಳಲ್ಲಿ ಬಹಳಷ್ಟು ಜನ ಇವುಗಳಿಂದಲೇ ಎದ್ದವರು. ಜನರಲ್ ಮೋಟರ್ಸ್ ಕಟ್ಟಿದ ವಿಲಿಯಂ ಡ್ಯುರಾಂಟ್‌ನ ಅಜ್ಜ ಹೆನ್ರಿ ಕ್ರಾಪೊ. ಫ್ಲಿಂಟ್ ಊರಿನಲ್ಲಿ ಮರದ ವ್ಯಾಪಾರದಿಂದ ಶ್ರೀಮಂತನಾಗಿ ರಾಜ್ಯದ ಗವರ್ನರ್ ಆದವನು. ರ್‍ಯಾನ್ಸಮ್ ಓಲ್ಡ್ಸ್ 1899ರಲ್ಲಿ ಡೆಟ್ರಾಯಿಟ್‌ನಲ್ಲಿ ಕಾರು ಕಂಪನಿ ತೆರೆದಾಗ ದುಡ್ಡು ಹಾಕಿದವನು ಸ್ಯಾಮ್ಯುಯೆಲ್ ಸ್ಮಿತ್. ಅವನ ಆಸ್ತಿ ಮರ ಮತ್ತು ತಾಮ್ರದ್ದು. ಅಂದರೆ ಮಾಲ್ಟಾದ ಹುಡುಗ 1920ರಲ್ಲಿ ಗೇಟಿನ ಮುಂದೆ ನಿಂತ ಕಾರ್ಖಾನೆಗಳ ಬುಡದಲ್ಲಿ ಚಿಪ್ಪೆವಾಗಳ ಕಾಡಿದೆ. ಅವನಿಗೆ ಅದು ಗೊತ್ತಿರಲಿಕ್ಕಿಲ್ಲ, ತಪ್ಪೂ ಅವನದಲ್ಲ. ಆದರೆ "ಬರಿಗೈಲಿ ಬಂದವರು" ಅನ್ನುವ ಮಾತಿನಲ್ಲಿ ಅವರು ಬಂದು ಸೇರಿದ ಮನೆ ಯಾರದಾಗಿತ್ತು ಅನ್ನುವುದು ಬಿಟ್ಟುಹೋಗುತ್ತದೆ.

ಹೋಗಲಿ, ಉಳಿದ ಚೂರುಪಾರು ಜಮೀನಿನಲ್ಲಾದರೂ ಉದ್ಧಾರ ಆಗಬಹುದಿತ್ತಲ್ಲ ಅಂತ ಕೇಳುವವರಿಗೆ ಬರ್ಟ್ ಲೇಕ್ ಊರಿನ ಕಥೆ ಹೇಳಬೇಕು. ಉತ್ತರ ಮಿಶಿಗನ್‌ನಲ್ಲಿ ಒಡಾವಾ-ಚಿಪ್ಪೆವಾಗಳ ಒಂದು ಸಣ್ಣ ಗುಂಪು, ಒಪ್ಪಂದದಿಂದ ಬಂದ ದುಡ್ಡನ್ನು ಕೂಡಿಸಿ ಸರೋವರದ ದಂಡೆಯಲ್ಲಿ ಜಮೀನು ಕೊಂಡಿತು. ಕಾಸು ಕೊಟ್ಟು, ಕಾಗದಪತ್ರ ಮಾಡಿಸಿ. ಯಾರೂ ಕಿತ್ತುಕೊಳ್ಳದಿರಲಿ ಅಂತ ಅದನ್ನು ರಾಜ್ಯದ ಗವರ್ನರ್ ಹೆಸರಲ್ಲೇ ತಮ್ಮ ಪರವಾಗಿ ಇಡಿಸಿತು. ಇದಕ್ಕಿಂತ ಭದ್ರ ಇನ್ನೇನಿದೆ? ಆದರೂ ಅಲ್ಲಿನ ಅಧಿಕಾರಿಗಳು ಆ ಜಮೀನಿಗೆ ಕಂದಾಯ ಹಾಕಿದರು. ಕಂದಾಯ ಬಾಕಿ ಅಂತ ಹರಾಜು ಹಾಕಿದರು. ಒಬ್ಬ ಮರದ ವ್ಯಾಪಾರಿ ಕೊಂಡುಕೊಂಡ. 1900ರ ಅಕ್ಟೋಬರ್ 15ರಂದು, ಗಂಡಸರು ಕೆಲಸಕ್ಕೆ ಹೋಗಿದ್ದ ಹೊತ್ತಿಗೆ, ಶೆರಿಫನೇ ಅವನ ಜೊತೆ ಬಂದು ಹೆಂಗಸರು ಮಕ್ಕಳನ್ನು ಹೊರಗೆ ಹಾಕಿಸಿ, ಸೀಮೆಎಣ್ಣೆ ಸುರಿದು ಮನೆಗಳಿಗೆ ಬೆಂಕಿ ಇಡಿಸಿದ. ಊರಿಗೆ ಊರೇ ಹೋಯಿತು. ಅವರ ಮಕ್ಕಳು ಮೊಮ್ಮಕ್ಕಳು ಬುಡಕಟ್ಟು ಅಂತ ಗುರುತಿಸಿ ಅಂತ ಕೇಂದ್ರ ಸರ್ಕಾರಕ್ಕೆ ಹಾಕಿದ ಅರ್ಜಿಯನ್ನು 2006ರಲ್ಲಿ ತಿರಸ್ಕರಿಸಿದರು.

ಶಾಲೆಯ ವಿಷಯವೂ ಅಷ್ಟೇ. ಮಾಲ್ಟಾದ ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದು ಚರ್ಚಿಗೆ, ಶಾಲೆಗೆ ಹೋಗುತ್ತಿದ್ದಾಗ ಚಿಪ್ಪೆವಾ ಮಕ್ಕಳು ಮೌಂಟ್ ಪ್ಲೆಸೆಂಟ್‌ನ ಸರ್ಕಾರಿ ವಸತಿಶಾಲೆಯಲ್ಲಿದ್ದರು. 1893ರಿಂದ 1934ರವರೆಗೆ ನಡೆದ ಶಾಲೆ. ಭಾಷೆ ಬಿಡಿಸು, ಹೊಲದ ಕೆಲಸ, ಮನೆಗೆಲಸ ಕಲಿಸು. ಸರ್ಕಾರದ ಕಡತದಲ್ಲಿ ಅಲ್ಲಿ ಸತ್ತ ಮಕ್ಕಳು ಐದು. ಬುಡಕಟ್ಟಿನವರೇ ದಾಖಲೆ ಹುಡುಕಿದಾಗ ಸಿಕ್ಕ ಲೆಕ್ಕ 227.

ಇವತ್ತಿನ ಮಾತಿಗೆ ಬರೋಣ. ಮೀಸಲು ಪ್ರದೇಶದ ಬಹಳಷ್ಟು ಜಮೀನು ಕೇಂದ್ರ ಸರ್ಕಾರದ ಟ್ರಸ್ಟ್‌ನಲ್ಲಿದೆ. ಅನುಭವಿಸುವವರು ಇವರು, ಪಟ್ಟಾ ಸರ್ಕಾರದ್ದು. ಜಮೀನು ಕೈತಪ್ಪದಿರಲಿ ಅನ್ನುವುದಕ್ಕೆ ಇದು ಬೇಕು, ಬರ್ಟ್ ಲೇಕ್ ಕಥೆ ಕೇಳಿದ ಮೇಲೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಆದರೆ ಅದನ್ನು ಅಡ ಇಟ್ಟು ಸಾಲ ತೆಗೆಯುವುದು ಸುಲಭವಲ್ಲ. ಸಾಲ ತೀರದಿದ್ದರೆ ಬ್ಯಾಂಕಿಗೆ ಸುಲಭವಾಗಿ ಜಪ್ತಿ ಮಾಡಲು ಬರುವುದಿಲ್ಲವಲ್ಲ. ಇದಕ್ಕೆಂದೇ ಸರ್ಕಾರದ ಖಾತ್ರಿ ಇರುವ ಗೃಹಸಾಲ ಯೋಜನೆ ಬಂದದ್ದು 1992ರಲ್ಲಿ. ಡಿಯರ್‌ಬಾರ್ನ್‌ನಲ್ಲಿ ಎರಡನೇ ಮಹಾಯುದ್ಧದ ನಂತರವೇ ನಡೆದ ಕೆಲಸ ಇಲ್ಲಿ ಶುರುವಾಗಲು ಅಷ್ಟು ತಡವಾಯಿತು. ಇನ್ನು ಟ್ರಸ್ಟ್ ಜಮೀನಿನ ಗುತ್ತಿಗೆ ಹಣವನ್ನು ಸರ್ಕಾರ ಸರಿಯಾಗಿ ಲೆಕ್ಕ ಇಟ್ಟೇ ಇರಲಿಲ್ಲ. ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಎಲೂಯಿಸ್ ಕೋಬೆಲ್ ಅನ್ನುವ ಹೆಣ್ಣುಮಗಳು 1996ರಲ್ಲಿ ಕೇಸು ಹಾಕಿ, 2009ರಲ್ಲಿ 340 ಕೋಟಿ ಡಾಲರ್‌ಗೆ ರಾಜಿಯಾಯಿತು. ದೇಶದ ಎಲ್ಲಾ ಬುಡಕಟ್ಟುಗಳ ಖಾತೆದಾರರಿಗೂ ಸೇರಿ.

ಮತ್ತೆ ಕ್ಯಾಸಿನೊ! ಎಲ್ಲರ ಬಾಯಲ್ಲೂ ಅದೇ. ಅದರ ಬೇರು ಇರುವುದು ಒಂದು ಸಣ್ಣ ತೆರಿಗೆ ಚೀಟಿಯಲ್ಲಿ. ಮಿನ್ನೆಸೋಟದ ಲೀಚ್ ಲೇಕ್ ಮೀಸಲು ಪ್ರದೇಶದಲ್ಲಿ ಮೊಬೈಲ್ ಮನೆಯೊಂದರಲ್ಲಿದ್ದ ಬ್ರಯಾನ್ ದಂಪತಿಗೆ ಕೌಂಟಿಯಿಂದ (ನಮ್ಮ ಜಿಲ್ಲೆಯ ಹಾಗೆ) 147 ಡಾಲರ್ 95 ಸೆಂಟ್ ತೆರಿಗೆ ಬಂತು. ಅವರು ಕಟ್ಟಲಿಲ್ಲ, ಕೋರ್ಟಿಗೆ ಹೋದರು. 1976ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ, ರಾಜ್ಯಕ್ಕೆ ಆ ಅಧಿಕಾರ ಇಲ್ಲ ಅಂದಿತು. ಅದೇ ತರ್ಕ ಮುಂದೆ ಬಿಂಗೊ, ಕ್ಯಾಸಿನೊಗಳಿಗೆ ದಾರಿ ಮಾಡಿತು. 1983ರ ಕೊನೆಯ ದಿನ, ಕೀವಿನಾ ಬೇ ಬುಡಕಟ್ಟಿನ ಫ್ರೆಡ್ ಡಕೋಟ ತನ್ನ ಗ್ಯಾರೇಜಿನಲ್ಲೇ ಇಸ್ಪೀಟು ಮೇಜು ಹಾಕಿ ಕ್ಯಾಸಿನೊ ತೆರೆದ. 1988ರಲ್ಲಿ ಬುಡಕಟ್ಟುಗಳ ಜೂಜಿನ ಕೇಂದ್ರಗಳಿಗೆಂದೇ ಕಾಯ್ದೆ ಬಂತು. ದುಡಿಯುವ ಮನಸ್ಸಿಲ್ಲ ಅನ್ನುವವರು ಈ ಗ್ಯಾರೇಜನ್ನು ಸ್ವಲ್ಪ ನೆನೆಯಲಿ. ಗ್ಯಾರೇಜಿನಲ್ಲಿ ಕಂಪನಿ ಶುರು ಮಾಡಿದ ಬೇರೆಯವರನ್ನು ನಾವು ದೇವರ ಹಾಗೆ ನೋಡುತ್ತೇವೆ, ಅಲ್ವಾ?

ಆದರೆ ಕ್ಯಾಸಿನೊದ ಗಳಿಕೆ ಎಲ್ಲರಿಗೂ ಇಲ್ಲ. ಮೌಂಟ್ ಪ್ಲೆಸೆಂಟ್‌ನ ಸ್ಯಾಗಿನಾ ಚಿಪ್ಪೆವಾಗಳು ಮೂರು ಸಾವಿರ ಚಿಲ್ಲರೆ ಜನ, ಹೆದ್ದಾರಿ ಪಕ್ಕ, ನಗರಗಳಿಗೆ ಹತ್ತಿರ. ಅವರ ಸದಸ್ಯರಿಗೆ ಲಾಭದ ಪಾಲು ಸಿಗುತ್ತದೆ. ನಾರ್ತ್ ಡಕೋಟದ ಟರ್ಟಲ್ ಮೌಂಟನ್ ಚಿಪ್ಪೆವಾಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಮೀಸಲು ಪ್ರದೇಶ ಆರು ಮೈಲಿ ಉದ್ದ, ಹನ್ನೆರಡು ಮೈಲಿ ಅಗಲ. ಕೆನಡಾ ಗಡಿಯ ಹತ್ತಿರದ ಆ ಚಳಿಯಲ್ಲಿ ಜೂಜಿಗೆ ಯಾರು ಹೋಗುತ್ತಾರೆ? 1892ರಲ್ಲಿ ಒಂದು ಕೋಟಿ ಎಕರೆಯನ್ನು ಎಕರೆಗೆ ಹತ್ತು ಸೆಂಟಿನಂತೆ ಬರೆಸಿಕೊಂಡದ್ದು ಇವರಿಂದಲೇ. ಈ ಇಬ್ಬರನ್ನೂ ಕೂಡಿಸಿ "ಚಿಪ್ಪೆವಾ ಆದಾಯ" ಅಂದರೆ ಯಾರ ಬದುಕೂ ಅದರಲ್ಲಿ ಕಾಣುವುದಿಲ್ಲ.

ಎಲ್ಲವನ್ನೂ ಇತಿಹಾಸದ ತಲೆಗೆ ಕಟ್ಟುವುದೂ ಸರಿಯಲ್ಲ. ಸೂ ಸೇಂಟ್ ಮರಿ ಚಿಪ್ಪೆವಾ ಬುಡಕಟ್ಟು 2000ದಲ್ಲಿ ಡೆಟ್ರಾಯಿಟ್ ನಗರದ ನಡುವೆಯೇ ಗ್ರೀಕ್‌ಟೌನ್ ಕ್ಯಾಸಿನೊ ತೆರೆಯಿತು. ಕಾರ್ಕ್‌ಟೌನಿನಿಂದ ಕಾರಲ್ಲಿ ಹತ್ತು ನಿಮಿಷ. ಈ ಸಲ ಕೂಲಿಗಳಾಗಿ ಅಲ್ಲ, ಮಾಲೀಕರಾಗಿ. ಆದರೆ ಸಾಲದ ಮೇಲೆ ಸಾಲ ಮಾಡಿಕೊಂಡು 2008ರಲ್ಲಿ ದಿವಾಳಿ ಅರ್ಜಿ ಹಾಕಿತು, 2010ರ ಹೊತ್ತಿಗೆ ಮಾಲೀಕತ್ವ ಹೋಯಿತು. ಮುಖಂಡರ ದುರಾಸೆಯೂ ಇತ್ತು, ಕಾಲವೂ ಕೆಟ್ಟಿತ್ತು. ಹಾಗೆ ನೋಡಿದರೆ ಆ ವರ್ಷಗಳಲ್ಲಿ ಕಾರು ಕಂಪನಿಗಳೂ ಮುಳುಗಿದವು. ಅವುಗಳನ್ನು ಸರ್ಕಾರ ಎತ್ತಿ ಕೂರಿಸಿತು.

ಸರ್ಕಾರದ ದುಡ್ಡು ಅಂದಿದ್ದರಲ್ಲ, ಅದಕ್ಕೂ ಒಂದು ಮಾತು. ಬುಡಕಟ್ಟಿನವರ ಆಸ್ಪತ್ರೆ, ಶಾಲೆಗಳಿಗೆ ಬರುವ ಹಣದ ಹಿಂದೆ ಒಪ್ಪಂದಗಳಿವೆ. ನೆಲಕ್ಕೆ ಬದಲಾಗಿ ಒಪ್ಪಿಕೊಂಡ ಹೊಣೆ ಅದು, ಬಾಕಿ ಇನ್ನೂ ತೀರಿಲ್ಲ. ಭಿಕ್ಷೆ ಅನ್ನುವವರು ತಮ್ಮ ಬಾಡಿಗೆದಾರ ಕೊಡುವ ಬಾಡಿಗೆಯನ್ನೂ ಭಿಕ್ಷೆ ಅನ್ನಲಿ.

ನಮ್ಮವರಿಗೆ ಈ ಪಟ್ಟಿಗಳು ಯಾಕೆ ಇಷ್ಟ ಅಂತ ಗೊತ್ತು. ಅದರಲ್ಲಿ ಭಾರತೀಯರು ತುದಿಯಲ್ಲಿರುತ್ತಾರೆ. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಇದೇ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತ್ತು. ಮಾಲ್ಟಾದವರು ಡೆಟ್ರಾಯಿಟ್‌ನಲ್ಲಿ ಪೌರರಾಗುತ್ತಿದ್ದ ಕಾಲ ಅದು. ಕ್ಯಾಲಿಫೋರ್ನಿಯಾದಲ್ಲಿ ಪಂಜಾಬಿ ರೈತರು ತಮ್ಮ ಹೆಸರಲ್ಲಿ ಜಮೀನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಆಗ ಇಂಥ ಪಟ್ಟಿ ಮಾಡಿದ್ದರೆ ನಮ್ಮ ಸಾಲಿಗೆ ಯಾವ ಬಣ್ಣ ಬಳಿಯುತ್ತಿದ್ದರು? 1965ರ ವಲಸೆ ಕಾನೂನು ಬಂದ ಮೇಲೆ ಡಾಕ್ಟರ್, ಎಂಜಿನಿಯರ್‌ಗಳನ್ನು ಸೋಸಿ ಸೋಸಿ ಒಳಗೆ ಬಿಟ್ಟರು. ಹಾಗೆ ಸೋಸಿ ಬಂದವರಲ್ಲಿ ನಾನೂ ಒಬ್ಬ. ಆ ಸರಾಸರಿಯಲ್ಲಿ ನನ್ನ ಬುದ್ಧಿಗಿಂತ ವೀಸಾ ಕಚೇರಿಯ ಪಾಲೇ ಜಾಸ್ತಿ.

ಈ ಬೇಸಿಗೆಯಲ್ಲಿ ಮ್ಯಾಕಿನಾ ದ್ವೀಪಕ್ಕೆ ಹೋಗುವ ಮಿಶಿಗನ್ ಕನ್ನಡಿಗರು ಬಹಳ ಜನ ಇದ್ದೀರಿ. ಐ-75 ಹೆದ್ದಾರಿಯಲ್ಲಿ ಇಂಡಿಯನ್ ರಿವರ್ ಊರು ಬಂದಾಗ ಎಡಕ್ಕೆ ಬರ್ಟ್ ಲೇಕ್. ಪುರುಸೊತ್ತಿದ್ದರೆ ಒಳಗೆ ಹೋಗಿ ಬನ್ನಿ. ಅಲ್ಲೇ ಕೂತು, ಆ ದಂಡೆಯ ಒಂದು ಸೈಟಿಗೆ ಈಗ ಎಷ್ಟಿದೆ ಅಂತ ಫೋನಿನಲ್ಲಿ ನೋಡಿ. ಕಾಮೆಂಟಿನಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಆ ಪಟ್ಟಿ ಕಳಿಸಿದ ಗೆಳೆಯರನ್ನೂ ಇಲ್ಲಿ ಟ್ಯಾಗ್ ಮಾಡಿದ್ದೇನೆ.