ಕಟ್ಟೆಗೆ ಆರತಿ ಸರಿ, ಗ್ರೀಸ್ ಹಚ್ಚೋರು ಯಾರು?

ಮಂಡ್ಯದಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದರೆ ಕಣ್ಣು ಮೊದಲು ಹೋಗುವುದು ರಾಜಕೀಯಕ್ಕೂ ಅಲ್ಲ, ಚಿನ್ನದ ದರಕ್ಕೂ ಅಲ್ಲ, ಮೂಲೆಯಲ್ಲಿರುವ ಒಂದು ಪುಟ್ಟ ಚೌಕಕ್ಕೆ. ಗರಿಷ್ಠ ಮಟ್ಟ 124.80 ಅಡಿ, ಇವತ್ತಿನದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ತಮ್ಮ ಶುಗರ್ ಎಷ್ಟಿದೆ ಅಂತ ಗೊತ್ತಿಲ್ಲದ ಗಂಡಸರಿಗೂ ಕಟ್ಟೆ ಎಷ್ಟಡಿ ಇದೆ ಅಂತ ಗೊತ್ತಿರುತ್ತದೆ. ಟೂರಿಸ್ಟುಗಳಿಗೆ ಅದು ಕೆಆರ್‌ಎಸ್ ಡ್ಯಾಮು. ನಮಗೆ ಕಟ್ಟೆ. ಯಾವ ಕಟ್ಟೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ಮೊನ್ನೆ ಟೀ ಅಂಗಡಿಯಲ್ಲಿ ತುಂಗಭದ್ರಾ ಡ್ಯಾಮಿನ ಹೊಸ ಗೇಟುಗಳ ಸುದ್ದಿ ಓದುತ್ತಿದ್ದ ನಮ್ಮ ಬೀದಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು: "ಅಲ್ಲ ಕಣಪ್ಪ, ಚೈನು ಕಿತ್ಕೊಂಡ್ ಹೋದ್ಮೇಲೆ ಇಷ್ಟೆಲ್ಲ ಮಾಡ್ತಾವ್ರಲ್ಲ, ಅದ್ಕೂ ಮುಂಚೆ ಒಸಿ ಗ್ರೀಸ್ ಹಚ್ಚಿ ನೋಡ್ಕಂಡಿದ್ರೆ ಆಯ್ತಿರ್ಲಿಲ್ವಾ?"

ಯಾರೂ ಬಾಯಿ ಬಿಡಲಿಲ್ಲ. ಇಷ್ಟು ಸಣ್ಣ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿಗುವುದಿಲ್ಲ. ಪ್ರಶ್ನೆ ನೂರು ಕೋಟಿಯಾದರೂ ಆಗಬೇಕು, ಆಗ ಸಮಿತಿ ರಚನೆಯಾಗುತ್ತದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ, ಅರವತ್ತು ಅಡಿ ಅಗಲದ ಬಾಗಿಲು ಹೊಳೆ ಪಾಲಾಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಯಲಿ ಅಂತ ಉಳಿದ ಗೇಟುಗಳನ್ನೂ ಎತ್ತಿ, ತುಂಬಿ ನಿಂತಿದ್ದ ನೀರನ್ನು ಕೈಯಾರೆ ಬೀಳ್ಕೊಟ್ಟರು. ಅವತ್ತೇ ಬಯಲಾದ ಇನ್ನೊಂದು ಸಂಗತಿ: ಗೇಟು ಹೋದರೆ ಅಡ್ಡ ಇಳಿಸುವ ಸ್ಟಾಪ್‌ಲಾಗ್ ಕೂಡ ಅಲ್ಲಿ ಸಿದ್ಧವಿರಲಿಲ್ಲ. ಬಜಾಜ್ ಸ್ಕೂಟರಿನ ಹಿಂದೆಯೂ ಸ್ಟೆಪ್ನಿ ನೇತುಹಾಕಿಕೊಂಡು ಬೆಳೆದ ನಾಡು ನಮ್ಮದು. ನೂರು ಟಿಎಂಸಿ ಮೀರಿದ ಜಲಾಶಯಕ್ಕೆ ಸ್ಟೆಪ್ನಿ ಇಲ್ಲ. ಕೊನೆಗೆ ಕನ್ನಯ್ಯ ನಾಯ್ಡು ಎಂಬ ಹಿರಿಯ ಗೇಟು ತಜ್ಞರನ್ನು ಕರೆಸಿದರು. ಅವರು ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಅದನ್ನು ನಿಲ್ಲಿಸಿದರು. ಅವರಿಗೆ ಕೈ ಮುಗಿಯೋಣ. ವಯಸ್ಸಾದ ಗೇಟಿಗೆ ಈ ದೇಶದ ಉಗ್ರಾಣದಲ್ಲಿದ್ದ ಏಕೈಕ ಬಿಡಿಭಾಗ ಒಬ್ಬ ವಯಸ್ಸಾದ ಎಂಜಿನಿಯರು ಅಂತ ನಮಗೆ ಗೊತ್ತಾಗಿದ್ದೂ ಅವರಿಂದಲೇ.

ನಮ್ಮ ಕಟ್ಟೆಯ ಬಗ್ಗೆ ಮಾತ್ರ ಸುಳ್ಳು ದೂರು ಹೇಳಬಾರದು. ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಇಲ್ಲಿ ನೂರಕ್ಕೂ ಹೆಚ್ಚು ಹಳೇ ಗೇಟುಗಳು ಬದಲಾಗಿವೆ. ಗೋಡೆಯ ಕಲ್ಲಿನ ಸಂದುಗಳನ್ನು ಕೆರೆದು ಗಾರೆ ತುಂಬುವ ಕೆಲಸವೂ ಆಗಿದೆ. 1911ರಲ್ಲಿ ಶುರುವಾದ ಕಟ್ಟೆ ಇದು, ಸಿಮೆಂಟಿನ ಭರಾಟೆ ಇಲ್ಲದ ಕಾಲದ್ದು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದ್ದಾರೆ. ಮಹಾರಾಣಿಯ ಒಡವೆ ಮಾರಿ ಕಟ್ಟಿದ್ದು ಅಂತ ನಮ್ಮಜ್ಜಿ ಹೇಳುತ್ತಿದ್ದಳು, ಹೇಳುವಾಗ ತನ್ನ ಕಿವಿಯ ಓಲೆ ಮುಟ್ಟಿಕೊಳ್ಳುತ್ತಿದ್ದಳು.

ಸರ್ ಎಂ.ವಿ. ಒಂದು ಜಾಣತನ ಮಾಡಿದ್ದರು. ನೀರು ಏರಿದಾಗ ತಾನೇ ತೆರೆದುಕೊಂಡು ಇಳಿದಾಗ ತಾನೇ ಮುಚ್ಚಿಕೊಳ್ಳುವ ಸ್ವಯಂಚಾಲಿತ ಗೇಟುಗಳನ್ನು ರೂಪಿಸಿ, 1903ರಲ್ಲಿ ಪುಣೆಯ ಖಡಕ್‌ವಾಸ್ಲಾದಲ್ಲಿ ಹಾಕಿಸಿ ನೋಡಿ, ಆಮೇಲೆ ಇಲ್ಲಿಗೂ ತಂದರು. ಮೋಟರಿಲ್ಲ, ಸ್ವಿಚ್ಚಿಲ್ಲ. ನಮ್ಮ ಕಾಲದವರು ಅವರನ್ನೂ ಮೀರಿಸಿದ್ದಾರೆ. 2025ರ ಮಾರ್ಚಿನಲ್ಲಿ ಕಟ್ಟೆಯ ಒಂದು ಗೇಟು ಯಾರ ಅಪ್ಪಣೆಯೂ ಇಲ್ಲದೆ ರಾತ್ರಿ ತೆರೆದುಕೊಂಡು ನೀರನ್ನು ಹೊಳೆಗೆ ಬಿಟ್ಟಿತು. ಎಂ.ವಿ. ಗೇಟಿಗೆ ತೆರೆಯಲು ನೀರು ಏರಬೇಕಿತ್ತು. ನಮ್ಮ ಗೇಟು ನಡುಬೇಸಿಗೆಯಲ್ಲಿ, ಸುಮ್ಮನೆ, ಮನಸ್ಸಾಯಿತು ಅಂತ ತೆರೆದುಕೊಂಡಿತು. ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದಾರೋ ಇಲ್ಲವೋ ವಿಚಾರಿಸಬೇಕು.

ಗೇಟಿನ ವಿಷಯ ಬಂದಾಗ ನಮ್ಮ ನಾಯಕರ ಕೊಡುಗೆಯನ್ನೂ ನೆನೆಯಬೇಕು. 2021ರ ಜುಲೈನಲ್ಲಿ ಕಟ್ಟೆ ಬಿರುಕು ಬಿಟ್ಟಿದೆಯೋ ಇಲ್ಲವೋ ಅಂತ ಗಲಾಟೆಯಾದಾಗ, ನೀರು ನಿಲ್ಲಿಸಲು ಸಂಸದೆಯನ್ನೇ ಗೇಟಿಗೆ ಅಡ್ಡ ಮಲಗಿಸಬೇಕು ಅಂದವರು ಒಬ್ಬ ಮಾಜಿ ಮುಖ್ಯಮಂತ್ರಿ. ಹೆಂಗಸೊಬ್ಬಳು ಪ್ರಶ್ನೆ ಕೇಳಿದರೆ ನಮ್ಮಲ್ಲಿ ಸಿಗುವ ತಾಂತ್ರಿಕ ಉತ್ತರ ಇದು. ಅದೇ ತಿಂಗಳು ಮಳೆಗೆ ಕಟ್ಟೆಯ ಬಳಿ ಮೆಟ್ಟಿಲು ಕಡೆಯ ಕಲ್ಲುಗಳು ಕುಸಿದವು. ಕಟ್ಟೆಗೂ ಅದಕ್ಕೂ ಸಂಬಂಧವೇ ಇಲ್ಲ ಅಂದರು. ಇಲ್ಲದಿರಬಹುದು. ನಮ್ಮಲ್ಲಿ ಕುಸಿದದ್ದಕ್ಕೆ ಯಾವತ್ತೂ ಯಾವುದರ ಸಂಬಂಧವೂ ಇರುವುದಿಲ್ಲ.

ಇನ್ನು ಕಟ್ಟೆಗೆ ಹತ್ತಿರದ ಕಲ್ಲುಗಣಿಗಳ ಬೇಬಿ ಬೆಟ್ಟ. ಗಣಿಯ ಸಿಡಿತದಿಂದ ಕಟ್ಟೆಗೆ ಪೆಟ್ಟಾಗುತ್ತದೆಯೇ ಅಂತ ತಿಳಿಯಲು ನಮ್ಮವರು ಹೂಡಿದ ಉಪಾಯ, ಅಲ್ಲೇ ಸಿಡಿಸಿ ನೋಡುವುದು! ಟ್ರಯಲ್ ಬ್ಲಾಸ್ಟ್ ಅಂತ ಹೆಸರು. ಅಪ್ಪನಿಗೆ ಎದೆನೋವು ಇದೆಯೋ ಇಲ್ಲವೋ ಅಂತ ಎದೆಗೊಂದು ಗುದ್ದಿ ನೋಡಿದ ಹಾಗೆ. ರೈತರು ಬಂದ ವಿಜ್ಞಾನಿಗಳನ್ನು ವಾಪಸ್ ಹೋಗಿ ಅಂದರು. ಕೊನೆಗೆ 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ಬೇಡ ಅಂದಿತು. ಅದಾದ ಮೇಲೂ ಅದೇ ವರ್ಷ ಟ್ರಯಲ್ ಬ್ಲಾಸ್ಟಿನ ಮಾತು ಮತ್ತೆ ಎದ್ದಿತು. ಛಲ ಮೆಚ್ಚಬೇಕು.

ದುರಸ್ತಿಗೆ ಒಂದು ಕಾಲವಿದೆ. ಗೇಟು ಬಿಚ್ಚಬೇಕಾದರೆ, ಗೋಡೆಯ ಮುಖಕ್ಕೆ ಗಾರೆ ಹಾಕಬೇಕಾದರೆ ನೀರು ಕೆಳಗಿಳಿದಿರಬೇಕು. ಅಂದರೆ ಬೇಸಿಗೆ. ಬೇಸಿಗೆಯಲ್ಲಿ ನೀರಿಲ್ಲ ಅಂತ ನಾವು ಹೆದ್ದಾರಿಯಲ್ಲಿ ಕೂತಿರುತ್ತೇವೆ, ಅಧಿಕಾರಿಗಳು ನಮ್ಮನ್ನು ಎಬ್ಬಿಸುತ್ತಿರುತ್ತಾರೆ. ಮಳೆ ಬಂತೋ, ಕಟ್ಟೆ ತುಂಬಿತು, ಬಾಗಿನ, ರೇಷ್ಮೆ ಸೀರೆ, ಮೊರ, ಹೆಲಿಕಾಪ್ಟರು. 2025ರಲ್ಲಂತೂ ಜೂನ್ ಮುಗಿಯುವ ಮೊದಲೇ ಬಾಗಿನ ಆಯಿತು. ನೀರಿದ್ದಾಗ ಹಬ್ಬ, ಇಲ್ಲದಾಗ ಜಗಳ, ನಡುವೆ ಸ್ಪ್ಯಾನರ್ ಹಿಡಿಯಲು ಪುರುಸೊತ್ತು ಯಾರಿಗಿದೆ?

ಹಬ್ಬ ಸಾಲದೆಂದು ಈಗ ಆರತಿ. ಗಂಗೆಗೆ ಮಾಡಿದಂತೆ ಕಾವೇರಿಗೂ. 92 ಕೋಟಿಯ ಯೋಜನೆ. ಅದರ ಹಿಂದೆ ಬೃಂದಾವನದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕು. ಅದಕ್ಕೂ ಹಿಂದೆ, 2018ರಲ್ಲಿ, 125 ಅಡಿಯ ಕಾವೇರಿ ಪ್ರತಿಮೆ. ಲೆಕ್ಕ ಹಾಕಿ: ಕಟ್ಟೆ ತುಂಬಿದರೆ 124.80, ಪ್ರತಿಮೆ 125. ಎರಡಂಗುಲ ಮೇಲು. ಕಟ್ಟೆ ಕೋಡಿ ಬಿದ್ದರೂ ತಾಯಿಯ ಮೂಗು ಮುಳುಗದಷ್ಟು ಮುಂದಾಲೋಚನೆ! ಆರತಿಗೆ ನನ್ನ ತಕರಾರಿಲ್ಲ, ನಮ್ಮಜ್ಜಿ ದಿನಾ ಹೊಳೆಗೆ ಕೈ ಮುಗಿದವಳೇ, ಆದರೆ ಅವಳಿಗೆ ಅದಕ್ಕೆ ಟೆಂಡರ್ ಬೇಕಾಗಿರಲಿಲ್ಲ. ತುಪ್ಪದ ದೀಪಕ್ಕೆ ಎಷ್ಟು ಡಬ್ಬ ತುಪ್ಪ ಅಂತ ಯಾರೋ ಬರೆದಿರುತ್ತಾರಲ್ಲ, ಅದೇ ಹಾಳೆಯ ಕೆಳಗೆ ಗ್ರೀಸ್ ಎಷ್ಟು ಡಬ್ಬ ಅಂತಲೂ ಒಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು.

ಮೊದಲ ಕಲ್ಲು ಇಟ್ಟಿದ್ದು ಟಿಪ್ಪುವೋ ನಾಲ್ವಡಿಯವರೋ ಅಂತಲೂ ಜಗಳವಾಯಿತಲ್ಲ. ಸಚಿವರು ಒಂದು ಮಾತು ಅಂದರು, ಒಂದು ವಾರ ಟಿವಿ ತುಂಬಿತು. ಮೊದಲ ಕಲ್ಲಿಗೆ ಇಷ್ಟು ವಾರಸುದಾರರಿದ್ದಾರೆ. ಸವೆದ ರಬ್ಬರ್ ಸೀಲಿಗೆ ಒಬ್ಬನೂ ಇಲ್ಲ.

ಇಲ್ಲಿ ನಮ್ಮ ಅಜ್ಜನ ಊರಿನ ನೀರುಗಂಟಿಯನ್ನು ನೆನೆಯದೆ ಇರಲಾರೆ. ಮಳವಳ್ಳಿ ಕಡೆಯ ಊರು. ನಾನು ನೋಡುವ ಹೊತ್ತಿಗೆ ಅವನಿಗೆ ವಯಸ್ಸಾಗಿತ್ತು, ಕಿವಿ ಮಂದ. ಕೆರೆಯ ತೂಬು ಸೋರಿದರೆ ಒಂದು ಸಿವುಡು ನೆಲ್ಲುಲ್ಲು, ಗೋಣಿಚೀಲದ ತುಂಡು, ಜೇಡಿಮಣ್ಣು ಹಿಡಿದುಕೊಂಡು ಏರಿ ಇಳಿಯುತ್ತಿದ್ದ. ಬಾಯಲ್ಲಿದ್ದ ಬೀಡಿಯನ್ನು ನನ್ನ ಕೈಗೆ ಕೊಟ್ಟು, "ಆರಿಸ್ಬೇಡ ಮಗ, ಬಂದೆ" ಅಂತ ಹೇಳಿ ನೀರಿಗೆ ಮುಳುಗುತ್ತಿದ್ದ. ನಾನು ಉಸಿರು ಬಿಗಿಹಿಡಿದು ಬೀಡಿಯ ಕೆಂಡ ನೋಡುತ್ತಿದ್ದೆ. ಮೇಲೆದ್ದಾಗ ಮೀಸೆಯಿಂದ ನೀರು ಸೋರುತ್ತಿತ್ತು, ತೂಬಿನಿಂದ ಸೋರುತ್ತಿರಲಿಲ್ಲ. ಸುಗ್ಗಿಯಲ್ಲಿ ಮನೆಮನೆಯವರೂ ಅವನಿಗೆ ಭತ್ತ ಅಳೆದು ಕೊಡುತ್ತಿದ್ದರು. ಯಾವ ಮನೆಯವರು ಕೊಡಲಿಲ್ಲವೋ ಅವರ ಗದ್ದೆಗೆ ನೀರು ತಡವಾಗುತ್ತಿತ್ತು ಅನ್ನುವ ಮಾತೂ ಇತ್ತು. ಇರಲಿ, ಅವನೇನು ದೇವರಲ್ಲ. ಆದರೆ ತೂಬು ಸೋರಿದರೆ ಇಡೀ ಊರು ಹೆಸರು ಹಿಡಿದು ಕೂಗಬಹುದಾದ ಒಬ್ಬ ಮನುಷ್ಯನಿದ್ದ.

ಈಗ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರಿಶೀಲನೆ ಮಾಡಬೇಕು ಅಂತ ಅದರಲ್ಲೇ ಬರೆದಿದೆ. ಕೂಗಲು ಹೋದರೆ ಯಾರ ಹೆಸರು ಹಿಡಿದು ಕೂಗಬೇಕು?

ತಮಾಷೆ ಸಾಕು. ತುಂಗಭದ್ರೆಯ ರೈತರಿಗೆ ಗೇಟು ಬದಲಿಸಬೇಕು, ಎರಡನೇ ಬೆಳೆಗೆ ನೀರಿಲ್ಲ ಅಂದುಬಿಟ್ಟರು. ಬದಲಿಸಲೇಬೇಕು, ಸರಿ. ಆದರೆ ಚೈನು ತುಂಡಾಗಿದ್ದು ರೈತನ ಮನೆಯಲ್ಲಲ್ಲ. ಅದನ್ನು ನೋಡಿಕೊಳ್ಳಲು ಸಂಬಳ ತೆಗೆದುಕೊಂಡವರ ಒಂದು ತಿಂಗಳ ಸಂಬಳವೂ ನಿಲ್ಲುವುದಿಲ್ಲ. ಒಂದು ಬೆಳೆ ಹೋಗುವುದು ಭತ್ತ ಬೆಳೆಯುವವನದೇ. ಅವನ ಸಾಲಕ್ಕೆ ಸ್ಟಾಪ್‌ಲಾಗ್ ಇಳಿಸಲು ಯಾರೂ ಬರುವುದಿಲ್ಲ. ನಾಳೆ ಇದೇ ಮಾತನ್ನು ನಮ್ಮ ಕಟ್ಟೆಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಯಲ್ಲಿ ಕೂತ ಮದ್ದೂರು, ಮಳವಳ್ಳಿಯವರಿಗೂ ಹೇಳಬಹುದು. ಅವರಿಗೆ ಮೊದಲೇ ನೀರು ತಲುಪುವುದು ಕಷ್ಟ, ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ ಬಿಡಿ.

ನಮ್ಮ ಬೀದಿ ತಿರುವಿನಲ್ಲಿ ಕುಡಿಯುವ ನೀರಿನ ಪೈಪಿನ ವಾಲ್ವ್ ಒಂದಿದೆ. ಮೂರು ವರ್ಷದಿಂದ ಸೋರುತ್ತಿದೆ. ಸುತ್ತ ಹಸಿರು ಪಾಚಿ, ಒಂದು ಬಾಳೆಗಿಡ, ಬಾಳೆಗಿಡಕ್ಕೀಗ ಗೊನೆ. ಹಿಂದಿನ ಕಾಂಪೌಂಡಿನ ಮೇಲೆ ನೀಲಿ ಬಣ್ಣದಲ್ಲಿ "ನೀರು ಅಮೂಲ್ಯ, ಮಿತವಾಗಿ ಬಳಸಿ" ಅಂತ ಬರೆಸಿದ್ದಾರೆ. ವಾಲ್ವಿಗೆ ಆಗಿರಬಹುದಾದ ಖರ್ಚಿಗಿಂತ ಆ ಬರಹದ ಖರ್ಚೇ ಜಾಸ್ತಿ ಅಂತ ನನ್ನ ಅಂದಾಜು.

ನಿನ್ನೆ ಅಂತೂ ನೀರು ಬಿಡುವ ಹುಡುಗ ಬಂದ. ವಾಲ್ವನ್ನು ಮೂರು ಕಡೆಯಿಂದ ಫೋಟೋ ತೆಗೆದು ಯಾವುದೋ ವಾಟ್ಸಾಪ್ ಗ್ರೂಪಿಗೆ ಹಾಕಿದ. ಹಳೇ ಸೈಕಲ್ ಟ್ಯೂಬ್ ಬಿಚ್ಚಿ ಎಸೆದು, ಜೇಬಿನಿಂದ ಹೊಸ ಟ್ಯೂಬಿನ ತುಂಡು ತೆಗೆದು ಹಲ್ಲಲ್ಲಿ ಕಚ್ಚಿ ಎಳೆದು ಸುತ್ತಿದ. ಸೋರುವುದು ಅರ್ಧ ಕಡಿಮೆಯಾಯಿತು.

"ಎಷ್ಟು ದಿನ ಬರುತ್ತಪ್ಪ ಇದು?" ಅಂದೆ.

"ಒಂದ್ ವರ್ಸ ಗ್ಯಾರಂಟಿ ಸಾರ್."

"ಆಮೇಲೆ?"

"ಆಮೇಲೆ ಏನೋ ಸಾರ್, ನನ್ ಕಾಂಟ್ರಾಕ್ಟೂ ಅಷ್ಟೇಯ," ಅಂದು ಕೈ ಒರೆಸಿಕೊಂಡ. ಹೋಗುವಾಗ ಬಾಳೆಗೊನೆಯ ಕಡೆ ನೋಡಿ, "ಇದು ಬಲ್ತಾಗ ಒಂದ್ ಫೋನ್ ಮಾಡಿ," ಅಂತ ನಂಬರ್ ಕೊಟ್ಟ.