ಡ್ರೋನ್ ಎಷ್ಟು ಕೊಂಡರು ಅನ್ನುವುದಲ್ಲ, ಎಷ್ಟು ಬೇಗ ಬದಲಾಯಿಸುತ್ತಾರೆ ಅನ್ನುವುದು ಲೆಕ್ಕ

ರಕ್ಷಣಾ ಬಜೆಟ್ಟಿನ ಸುದ್ದಿ ಯಾವ ದೇಶದಿಂದ ಬಂದರೂ ಈಗ ತಲೆಬರಹ ಒಂದೇ ಥರ: ಇಷ್ಟು ಸಾವಿರ ಡ್ರೋನ್, ಇಷ್ಟು ಕೋಟಿ. ಓದಿದವರು ಆ ಸಂಖ್ಯೆಯನ್ನೇ ಹಂಚಿಕೊಂಡು ಸಂಭ್ರಮಿಸುತ್ತಾರೆ. ನನಗೆ ಬೇರೊಂದು ಲೆಕ್ಕ ಮುಖ್ಯ. ಮುಂಚೂಣಿಯಲ್ಲಿ ಕೂತ ಪೈಲಟ್‌ನ ಪರದೆ ಶತ್ರುವಿನ ಜಾಮರ್‌ಗೆ (ರೇಡಿಯೊ ಸಂಕೇತ ಕೆಡಿಸುವ ಯಂತ್ರಕ್ಕೆ) ಸಿಕ್ಕಿ ಬರೀ ಚುಕ್ಕೆಗಳಾಯಿತು. ಆ ಜಾಮರನ್ನು ದಾಟುವ ಹೊಸ ರೇಡಿಯೊ ಇರುವ ಡ್ರೋನ್ ಅವನ ಕೈಗೆ ಎಷ್ಟು ದಿನಕ್ಕೆ ಬರುತ್ತದೆ? ಎರಡು ವಾರಕ್ಕೆ ಬಂದರೆ ಆ ಸೇನೆಗೆ ಡ್ರೋನ್ ಒಗ್ಗಿದೆ. ಎರಡು ವರ್ಷ ಹಿಡಿದರೆ ಆ ಸೇನೆಯ ಹತ್ತಿರ ಇರುವುದು ತುಂಬಿದ ಗೋದಾಮು ಮಾತ್ರ.

ಎಫ್‌ಪಿವಿ ಡ್ರೋನನ್ನೇ ತೆಗೆದುಕೊಳ್ಳಿ. ಪೈಲಟ್ ಕಣ್ಣಿಗೆ ಪರದೆ ಕಟ್ಟಿಕೊಂಡು, ಡ್ರೋನಿನ ಮೂತಿಯಲ್ಲಿರುವ ಕ್ಯಾಮೆರಾದ ಮೂಲಕವೇ ದಾರಿ ನೋಡುತ್ತಾ ಹಾರಿಸುವಂಥದ್ದು; ಸ್ಫೋಟಕ ಹೊತ್ತು ಗುರಿಗೇ ಹೋಗಿ ಬಡಿಯುತ್ತದೆ. ಕಾರ್ಬನ್ ಫೈಬರ್ ಚೌಕಟ್ಟು, ನಾಲ್ಕು ಮೋಟರ್, ಅವುಗಳ ವೇಗ ನಿಯಂತ್ರಿಸುವ ಬೋರ್ಡ್, ಫ್ಲೈಟ್ ಕಂಟ್ರೋಲರ್, ಕ್ಯಾಮೆರಾ, ವಿಡಿಯೊ ಟ್ರಾನ್ಸ್‌ಮಿಟರ್, ಪೈಲಟ್‌ನ ಸಂಕೇತ ಹಿಡಿಯುವ ರಿಸೀವರ್, ಆಂಟೆನಾ, ಬ್ಯಾಟರಿ. ಉಕ್ರೇನಿನಲ್ಲಿ ಇಂಥದ್ದೊಂದರ ಬೆಲೆ ಸುಮಾರು 400ರಿಂದ 500 ಡಾಲರ್. ಡ್ರೋನ್ ರೇಸಿಂಗ್ ಹವ್ಯಾಸಿಗಳು ವರ್ಷಗಳಿಂದ ಬಳಸುತ್ತಿದ್ದ ಸಾಮಾನೇ ಇದು. ಚೌಕಟ್ಟು, ಮೋಟರ್‌ಗಳ ವಿನ್ಯಾಸ ವರ್ಷಗಟ್ಟಲೆ ನಡೆಯುತ್ತದೆ. ಬೇಗ ಹಳಸುವುದು ರೇಡಿಯೊ.

ಯಾಕೆ ಹಳಸುತ್ತದೆ ಅಂದರೆ, ಮೊದಮೊದಲು ಹೆಚ್ಚಿನ ಡ್ರೋನ್‌ಗಳ ನಿಯಂತ್ರಣ ಸಂಕೇತ 868 ಅಥವಾ 915 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಇಲ್ಲವೇ 2.4 ಗಿಗಾಹರ್ಟ್ಸ್‌ನಲ್ಲಿ ಹೋಗುತ್ತಿತ್ತು; ಚಿತ್ರ 5.8 ಗಿಗಾಹರ್ಟ್ಸ್‌ನಲ್ಲಿ ಬರುತ್ತಿತ್ತು. ಎಲ್ಲರೂ ಒಂದೇ ಓಣಿಯಲ್ಲಿ ಓಡಾಡಿದರೆ ಅಡ್ಡಗಟ್ಟುವವನ ಕೆಲಸ ಸಲೀಸು. ಆ ಫ್ರೀಕ್ವೆನ್ಸಿಗಳಿಗೆ ಸರಿಯಾಗಿ ಜಾಮರ್ ಬಂದವು. ಡ್ರೋನಿನವರು ಪಕ್ಕದ ಫ್ರೀಕ್ವೆನ್ಸಿಗೆ ಸರಿದರು. ಜಾಮರಿನವರು ವ್ಯಾಪ್ತಿ ಹಿಗ್ಗಿಸಿದರು. ಆದರೆ ವ್ಯಾಪ್ತಿ ಹಿಗ್ಗಿಸಿದಷ್ಟೂ ಇದ್ದ ಶಕ್ತಿಯೇ ತೆಳ್ಳಗೆ ಹರಡುತ್ತದೆ, ಒಂದೊಂದು ಫ್ರೀಕ್ವೆನ್ಸಿಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಶಕ್ತಿ ಏರಿಸಿದರೆ ಯಂತ್ರ ಕಾಯುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಜತೆಗೆ ತಮ್ಮದೇ ಪಡೆಯ ಡ್ರೋನ್‌ಗಳೂ ಬೀಳುತ್ತವೆ. ಪಕ್ಕದ ತುಕಡಿ ಯಾವಾಗ ಜಾಮರ್ ಹಾಕುತ್ತದೆ ಅನ್ನುವುದು ಪೈಲಟ್‌ಗೆ ಗೊತ್ತಿಲ್ಲದೆ ಕಳೆದುಕೊಂಡ ಡ್ರೋನ್‌ಗಳು ಸಣ್ಣ ಸಂಖ್ಯೆಯಲ್ಲ.

ಈ ಆಟ ನಡೆಯುವುದು ಮುಂಚೂಣಿಯಿಂದ ತುಸು ಹಿಂದಿರುವ ವರ್ಕ್‌ಶಾಪಿನ ಮೇಜಿನ ಮೇಲೆ. ಕಾರ್ಖಾನೆಯಿಂದ ಬಂದ ಪೆಟ್ಟಿಗೆ ಬಿಚ್ಚಿ, ಮೇಲಿನ ಪ್ಲೇಟಿನ ತಿರುಪು ತೆಗೆದು, ಟ್ರಾನ್ಸ್‌ಮಿಟರ್ ತಂತಿಗಳ ಬೆಸುಗೆ ಬಿಡಿಸಿ, ಆ ವಲಯದಲ್ಲಿ ಈ ವಾರ ನಡೆಯುವ ಫ್ರೀಕ್ವೆನ್ಸಿಯದನ್ನು ಕೂರಿಸುತ್ತಾರೆ. ಆಂಟೆನಾವೂ ಅದೇ ಫ್ರೀಕ್ವೆನ್ಸಿಯದ್ದಾಗಿರಬೇಕು, ಇಲ್ಲದಿದ್ದರೆ ಚಿತ್ರ ಅರ್ಧ ದಾರಿಗೇ ಕೈಕೊಡುತ್ತದೆ. ಆಂಟೆನಾ ಸಿಕ್ಕಿಸುವುದನ್ನು ಮರೆತು ಕರೆಂಟ್ ಕೊಟ್ಟರೆ ಟ್ರಾನ್ಸ್‌ಮಿಟರ್ ಸುಟ್ಟೇ ಹೋಗಬಹುದು. ಒಂದು ಬೆಸುಗೆ ಕಡ್ಡಿ, ಒಂದು ಮೀಟರ್, ಬಿಡಿಭಾಗಗಳ ಡಬ್ಬ, ಕೈ ಪಳಗಿದ ಇಬ್ಬರು. ಡ್ರೋನ್ ಪಡೆಯ ಜೀವ ಇರುವುದು ಅಲ್ಲಿ. ಈಗ ಇದೇ ಡ್ರೋನನ್ನು ಮುಚ್ಚಳ ಅಂಟಿಸಿ, ಸಾಫ್ಟ್‌ವೇರಿಗೆ ಬೀಗ ಹಾಕಿ, ‘ಬಿಚ್ಚಿದರೆ ವಾರಂಟಿ ಇಲ್ಲ’ ಎಂದು ಕೊಟ್ಟ ಕಂಪನಿಯಿಂದ ಐದು ವರ್ಷದ ಗುತ್ತಿಗೆಗೆ ಕೊಂಡಿದ್ದರೆ ಆ ಮೇಜಿನ ಮುಂದೆ ಕೂತವರು ಮಾಡುವುದಕ್ಕೇನೂ ಇರುವುದಿಲ್ಲ. ಇಂಥ ಗುತ್ತಿಗೆಗೆ ಸಹಿ ಹಾಕುವ ಅಧಿಕಾರಿ ಬೇರೆಯವರ ಪ್ರಾಣದ ಜತೆ ಚೆಲ್ಲಾಟ ಆಡುತ್ತಿದ್ದಾರೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇದು ಅಗ್ಗದ ಡ್ರೋನಿಗಷ್ಟೇ ಬಂದ ಕಷ್ಟವಲ್ಲ. ಜಿಪಿಎಸ್ ನೋಡಿ ಗುರಿ ಹಿಡಿಯುವ ಅಮೆರಿಕದ ಎಕ್ಸ್‌ಕ್ಯಾಲಿಬರ್ ಫಿರಂಗಿ ಗುಂಡು ಉಕ್ರೇನಿಗೆ ಬಂದಾಗ ನೂರಕ್ಕೆ 70ರಷ್ಟು ಗುರಿ ಮುಟ್ಟುತ್ತಿತ್ತು. ರಷ್ಯಾದ ಜಾಮಿಂಗ್ ಹೊಂದಿಕೊಂಡ ಮೇಲೆ ಕೆಲವೇ ವಾರಗಳಲ್ಲಿ ಅದು 6ಕ್ಕೆ ಇಳಿಯಿತು ಎಂದು 2024ರಲ್ಲಿ ಅಮೆರಿಕದ ಸಂಸದೀಯ ಸಮಿತಿಯೊಂದರ ಮುಂದೆ ತಜ್ಞರೊಬ್ಬರು ಹೇಳಿದ್ದಾರೆ. ವರ್ಷಗಳ ಸಂಶೋಧನೆ, ಕೆಲವು ವಾರದ ಆಯಸ್ಸು. ಹೀಗಿರುವಾಗ ‘ಹತ್ತು ವರ್ಷಕ್ಕೆ ಸಾಕಾಗುವಷ್ಟು ಡ್ರೋನ್ ದಾಸ್ತಾನು’ ಎನ್ನುವ ಮಾತಿಗೆ ಅರ್ಥವೇ ಇಲ್ಲ. ದಾಸ್ತಾನು ಮಾಡಬೇಕಾದದ್ದು ಮೋಟರ್, ಬ್ಯಾಟರಿ ಸೆಲ್, ಚಿಪ್, ಆಯಸ್ಕಾಂತ. ಅದರಲ್ಲೂ ಹೆಚ್ಚಿನದು ಚೀನಾದಿಂದಲೇ ಬರಬೇಕು ಅನ್ನುವುದು ಎಲ್ಲ ದೇಶಗಳಿಗೂ ಇರುವ ತಲೆನೋವು.

ಡ್ರೋನನ್ನು ಬೇಗ ಬದಲಾಯಿಸುವುದು ಹೇಗೆ ಅನ್ನುವ ಗಂಟನ್ನು ಉಕ್ರೇನ್ ಬಿಡಿಸಿದ್ದು ಕೊಳ್ಳುವ ಅಧಿಕಾರವನ್ನು ಕೆಳಕ್ಕೆ ಇಳಿಸಿ. 2023ರ ಏಪ್ರಿಲ್‌ನಲ್ಲಿ ಬ್ರೇವ್1 ಎಂಬ ವೇದಿಕೆ ಶುರುವಾಯಿತು. ಸಣ್ಣ ತಯಾರಕರಿಗೆ ಅನುದಾನ, ಪರೀಕ್ಷೆಗೆ ಜಾಗ, ಬಳಸುವ ತುಕಡಿಗಳ ಜತೆ ನೇರ ಮಾತುಕತೆ. 2024ರಲ್ಲಿ ಮಾನವರಹಿತ ವ್ಯವಸ್ಥೆಗಳಿಗೇ ಪ್ರತ್ಯೇಕ ಪಡೆ ಕಟ್ಟಿದರು. ಆಮೇಲೆ ಬಂದದ್ದು ಅಂಕ ಪದ್ಧತಿ: ಹೊಡೆದ ಗುರಿಯ ವಿಡಿಯೊ ಕಳಿಸಿದರೆ, ಪರಿಶೀಲನೆಯಾದ ಮೇಲೆ ತುಕಡಿಗೆ ಅಂಕ, ಆ ಅಂಕ ಕೊಟ್ಟು ಬ್ರೇವ್1 ಮಾರುಕಟ್ಟೆಯಲ್ಲಿ ತಮಗೆ ಬೇಕಾದ ಡ್ರೋನನ್ನೇ ತರಿಸಿಕೊಳ್ಳಬಹುದು. ಕೆಲಸಕ್ಕೆ ಬಾರದ ಮಾದರಿಯನ್ನು ಯಾರೂ ಕೊಳ್ಳುವುದಿಲ್ಲ, ಸಮಿತಿ ಕೂರದೆಯೇ ಜೊಳ್ಳು ಉದುರುತ್ತದೆ. ಮನುಷ್ಯರ ಸಾವಿಗೆ ಅಂಕ ಕಟ್ಟುವುದು ನನಗೆ ಸಂಕಟ ತರುತ್ತದೆ. ಕಸುಬಿನ ದೃಷ್ಟಿಯಿಂದಲೂ ಅಪಾಯ ಇದೆ: ಯಾವುದಕ್ಕೆ ಅಂಕ ಜಾಸ್ತಿಯೋ ಅದರ ಹಿಂದೆಯೇ ಎಲ್ಲರೂ ಓಡುತ್ತಾರೆ, ವಿಡಿಯೊದಲ್ಲಿ ಚೆನ್ನಾಗಿ ಕಾಣದ ಕಾವಲು, ಸಾಗಣೆಯಂಥ ಕೆಲಸ ಹಿಂದೆ ಬೀಳುತ್ತದೆ. ಅದಕ್ಕೇ ಅಲ್ಲಿ ಅಂಕಪಟ್ಟಿಯನ್ನು ಆಗಾಗ ತಿದ್ದಬೇಕಾಗುತ್ತದೆ.

ಕೆಳಗಿನವರಿಗೇ ಎಲ್ಲ ಬಿಟ್ಟರೆ ಸಾಕು ಅನ್ನುವವರ ಜತೆ ಮಾತ್ರ ನನಗೆ ಜಗಳ ಇದೆ. ನೂರಾರು ತಯಾರಕರು ಅಂದರೆ ನೂರಾರು ಥರದ ಕನೆಕ್ಟರ್, ಚಾರ್ಜರ್, ಆಂಟೆನಾ, ಸಾಫ್ಟ್‌ವೇರ್ ಆವೃತ್ತಿ. ಒಂದು ಬ್ರಿಗೇಡ್ ಜಾಗ ಖಾಲಿ ಮಾಡಿ ಇನ್ನೊಂದು ಬಂದಾಗ ಬಿಟ್ಟುಹೋದ ಡ್ರೋನ್ ಇವರ ರಿಮೋಟಿಗೆ ಮಾತೇ ಆಡುವುದಿಲ್ಲ. ನನ್ನ ಪ್ರಕಾರ ಡ್ರೋನನ್ನು ಒಂದೇ ಮಾದರಿಗೆ ಕಟ್ಟಿಹಾಕಬಾರದು, ಜೋಡಣೆಯ ಬಿಂದುಗಳನ್ನು ಕಟ್ಟಿಹಾಕಬೇಕು: ಬ್ಯಾಟರಿಯ ಕನೆಕ್ಟರ್, ರೇಡಿಯೊ ಕೂರುವ ಜಾಗದ ಅಳತೆ, ತಂತಿಗಳ ಕ್ರಮ, ಡೇಟಾ ರೂಪ. ಒಳಗೆ ಏನು ಬೇಕಾದರೂ ಬದಲಾಗಲಿ.

ಇದಕ್ಕಿಂತ ದೊಡ್ಡ ಪಾಠ ರಷ್ಯಾ ಕಲಿಸಿತು. ಹೊಸತು ಹುಟ್ಟಿಸುವುದರಲ್ಲಿ ಉಕ್ರೇನ್ ಚುರುಕು. ಒಂದನ್ನು ಆರಿಸಿ ಸಾವಿರಗಟ್ಟಲೆ ಮಾಡಿಸಿ ಎಲ್ಲ ಕಡೆ ಹಂಚುವುದರಲ್ಲಿ ರಷ್ಯಾ ಎಷ್ಟೋ ಸಲ ಮುಂದಾಯಿತು. ಆಪ್ಟಿಕಲ್ ಫೈಬರ್ ಡ್ರೋನ್ ಅದಕ್ಕೆ ಸಾಕ್ಷಿ. ಹಾರುತ್ತಾ ಹಿಂದಕ್ಕೆ ಕೂದಲೆಳೆಯಂಥ ಗಾಜಿನ ದಾರ ಬಿಚ್ಚುತ್ತಾ ಹೋಗುತ್ತದೆ. ಸಂಕೇತ ದಾರದಲ್ಲೇ ಓಡುವುದರಿಂದ ಜಾಮರ್ ಕೆಲಸಕ್ಕೆ ಬರುವುದಿಲ್ಲ. 10 ಕಿಲೋಮೀಟರ್ ದಾರದ ಉರುಳೆಯೇ ಒಂದು ಕಿಲೋ ಮೇಲೆ ತೂಗುತ್ತದೆ, ಹಾಗಾಗಿ ಚೌಕಟ್ಟು ದೊಡ್ಡದಾಗಬೇಕು, ವೇಗ ಇಳಿಯುತ್ತದೆ, ಮರ–ತಂತಿಗೆ ಸಿಕ್ಕಿ ದಾರ ಹರಿದರೆ ಕಥೆ ಮುಗಿಯಿತು. ಇಷ್ಟೆಲ್ಲ ಕೊರತೆ ಇದ್ದೂ ರಷ್ಯಾ 2024ರಲ್ಲೇ ಇದನ್ನು ತನ್ನ ಗಡಿ ಪ್ರದೇಶವಾದ ಕುರ್ಸ್ಕ್‌ನಲ್ಲಿ ಬಳಕೆಗೆ ತಂದು ಬೇಗ ಹೆಚ್ಚಿಸಿತು. ಅದೇ ವರ್ಷ ಕಟ್ಟಿದ ರುಬಿಕಾನ್ ಎಂಬ ಘಟಕ ಸರಬರಾಜು ರಸ್ತೆಗಳ ಮೇಲೆ, ಉಕ್ರೇನಿನ ಡ್ರೋನ್ ಪೈಲಟ್‌ಗಳ ಮೇಲೆಯೇ ಕಣ್ಣಿಟ್ಟಿತು. ಡ್ರೋನನ್ನು ಒಂದೊಂದಾಗಿ ಬೇಟೆಯಾಡುವ ಬದಲು ಹಾರಿಸುವವನನ್ನೇ ಹುಡುಕುವ ಲೆಕ್ಕ. ಒಂದು ತುಕಡಿಯಲ್ಲಿ ಹೊಳೆದ ಉಪಾಯ ಪಕ್ಕದ ಬ್ರಿಗೇಡಿಗೆ ತಲುಪದೆ ಉಳಿದರೆ, ಅಷ್ಟರಲ್ಲಿ ಶತ್ರು ಅದನ್ನು ನಕಲು ಮಾಡಿ ಹಂಚಿಯೂ ಆಗಿರುತ್ತದೆ.

ಇನ್ನು, ಒಂದು ಡ್ರೋನ್ ಅಂದರೆ ಒಂದು ಗುರಿ ಎಂದು ಲೆಕ್ಕ ಹಾಕುವವರಿಗೆ: ಬ್ರಿಟನ್ನಿನ ರುಸಿ ಎಂಬ ರಕ್ಷಣಾ ಅಧ್ಯಯನ ಸಂಸ್ಥೆಯ 2025ರ ವರದಿ ಪ್ರಕಾರ ಉಕ್ರೇನಿನ ಎಫ್‌ಪಿವಿಗಳಲ್ಲಿ ನೂರಕ್ಕೆ 60ರಿಂದ 80 ಗುರಿ ಮುಟ್ಟುವುದೇ ಇಲ್ಲ. ಜಾಮಿಂಗ್ ಒಂದೇ ಕಾರಣವಲ್ಲ. ಚಳಿಗೆ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಹಾರಿಸುವ ತನಕ ಬೆಚ್ಚಗಿಡದಿದ್ದರೆ ಗುರಿಯ ತನಕ ಹೋಗುವುದೇ ಕಷ್ಟ. ಮಂಜು, ಮಳೆ, ಜೋರು ಗಾಳಿ ಇದ್ದರೆ ಕೆಲಸ ನಿಂತಂತೆಯೇ. ಕೊನೆಯ ಕ್ಷಣದಲ್ಲಿ ಡ್ರೋನ್ ನೆಲದ ಹತ್ತಿರ ಇಳಿದಾಗ ನಡುವೆ ದಿಬ್ಬವೋ ಮರಗಳೋ ಬಂದು ಚಿತ್ರ ಮಾಯವಾಗುತ್ತದೆ. ಅದಕ್ಕೆ ಸಂಕೇತ ದಾಟಿಸಲು ಮೇಲೆ ಇನ್ನೊಂದು ಡ್ರೋನ್ ನಿಲ್ಲಿಸಬೇಕು. ಇಷ್ಟೆಲ್ಲ ಇದ್ದೂ ಹಾಳಾದ ರಷ್ಯಾದ ಯುದ್ಧ ಸಲಕರಣೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಣ್ಣ ಡ್ರೋನ್‌ಗಳ ಹೊಡೆತಕ್ಕೇ ಸಿಕ್ಕವು ಎಂದು ಅದೇ ವರದಿ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು. ಸೋಲುವ ಡ್ರೋನ್‌ಗಳ ಸಂಖ್ಯೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡ ಸೇನೆಗೇ ಇದು ದಕ್ಕುವುದು. ಹಾಗೇ, ನಿರಾಳ ಆಕಾಶದಲ್ಲಿ ನಡೆಸಿದ ಪ್ರದರ್ಶನ ನೋಡಿ ಡ್ರೋನ್ ಆರಿಸುವುದನ್ನು ನಿಲ್ಲಿಸಬೇಕು. ಜಾಮರ್ ಹಾಕಿ, ಜಿಪಿಎಸ್ ಕೆಡಿಸಿ, ಮೂರು ದಿನ ನಿದ್ದೆಗೆಟ್ಟ ಸೈನಿಕನ ಕೈಗೆ ಕೊಟ್ಟು ನೋಡಲಿ.

ಅಮೆರಿಕದಂಥ ಶ್ರೀಮಂತ ಸೇನೆಗೂ ಇದು ತಡವಾಗಿ ಹೊಳೆಯಿತು. 2023ರ ಆಗಸ್ಟ್‌ನಲ್ಲಿ ಸಾವಿರಾರು ಅಗ್ಗದ ಮಾನವರಹಿತ ವ್ಯವಸ್ಥೆಗಳನ್ನು 18ರಿಂದ 24 ತಿಂಗಳಲ್ಲಿ ತರುವುದಾಗಿ ರೆಪ್ಲಿಕೇಟರ್ ಯೋಜನೆ ಘೋಷಿಸಿದರು. 2025ರ ಜುಲೈನಲ್ಲಿ ಹೊರಟ ಆದೇಶ, ಸಣ್ಣ ಡ್ರೋನನ್ನು ವಿಮಾನದಂತೆ ನೋಡದೆ ಬಳಸಿ ಮುಗಿಸುವ ಸಾಮಗ್ರಿಯಂತೆ ನೋಡಿ ಎಂದಿತು, ಕೊಳ್ಳುವ ಅಧಿಕಾರವನ್ನು ಕರ್ನಲ್ ಮಟ್ಟಕ್ಕೆ ಇಳಿಸಿತು. ಕೇಳಲು ಸಣ್ಣ ವಿಷಯ. ಆದರೆ ಡ್ರೋನ್ ವಿಮಾನದ ಲೆಕ್ಕದಲ್ಲಿದ್ದರೆ ಒಂದು ಕಳೆದುಹೋದಾಗಲೂ ವಿಚಾರಣೆ, ಕಡತ, ವಿವರಣೆ. ಆ ಭಯಕ್ಕೆ ಸೈನಿಕ ಅದನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯುವುದಿಲ್ಲ, ತೆಗೆಯದೆ ಕಲಿಯುವುದೂ ಇಲ್ಲ.

ಈ ಓಟ ಈಗ ಆಕಾಶದಲ್ಲೇ ಡ್ರೋನನ್ನು ಡ್ರೋನ್ ಹಿಡಿಯುವ ಹಂತಕ್ಕೆ ಬಂದಿದೆ. ರಷ್ಯಾ ದೂರದ ದಾಳಿಗೆ ಬಿಡುವ, ಹತ್ತಾರು ಸಾವಿರ ಡಾಲರಿನ, ಇರಾನ್ ಮೂಲದ ಶಾಹೆದ್ ಮಾದರಿಯ ಡ್ರೋನನ್ನು ಕೆಲವು ದಶಲಕ್ಷ ಡಾಲರಿನ ಪೇಟ್ರಿಯಟ್ ವಾಯುರಕ್ಷಣಾ ಕ್ಷಿಪಣಿಯಿಂದ ಹೊಡೆಯುತ್ತಾ ಕೂರಲು ಯಾವ ಖಜಾನೆಗೂ ಆಗದು. ಅದಕ್ಕೆ ಉಕ್ರೇನ್ ಕೆಲವೇ ಸಾವಿರ ಡಾಲರಿನ ಇಂಟರ್‌ಸೆಪ್ಟರ್ ಡ್ರೋನ್ ಮಾಡಿತು. ಶಾಹೆದ್ ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ಅದನ್ನು ಮೀರಿಸುವ ಮೋಟರ್ ಹುಡುಕಿ ಕೂರಿಸಿದರು. ರಷ್ಯಾ ಸುಮ್ಮನಿರಲಿಲ್ಲ. ಶಾಹೆದ್‌ಗಳನ್ನು ಮೊದಲಿಗಿಂತ ಎತ್ತರದಲ್ಲಿ ಹಾರಿಸಿತು, ಆಮೇಲೆ ಜೆಟ್ ಎಂಜಿನ್ ಇರುವ, ಅದಕ್ಕಿಂತ ಎಷ್ಟೋ ವೇಗದ ಗೆರಾನ್-3 ಡ್ರೋನ್ ಬಿಟ್ಟಿತು. ಇಂಟರ್‌ಸೆಪ್ಟರ್ ಮಾಡುವವರು ಮತ್ತೆ ಬೆಸುಗೆ ಕಡ್ಡಿ ಹಿಡಿದು ಮೇಜಿನ ಮುಂದೆ ಕೂತಿದ್ದಾರೆ.